ಕೊಡವಿಲ್ಲದೆ ನೀರಿಗೆ ಬಂದವಳು

ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಹಲ್ಲುಜ್ಜುವ ಮೊದಲೇ ಶುಭೋದಯ ಕಳಿಸುವ ಮಂದಿ ಇದ್ದಾರೆ. ಗುಲಾಬಿ ಹೂವು, ಚಹದ ಕಪ್ಪು, ಎರಡು ಪಾರಿವಾಳ, ಮೇಲೊಂದು ಮರಾಠಿ ಉಪದೇಶ. ನಾನು ತೆರೆದೂ ನೋಡುವುದಿಲ್ಲ. ಬೆಳಿಗ್ಗೆ ಎದ್ದು ಉಪದೇಶ ಕೇಳುವ ಹಣೆಬರಹ ನನಗಿಲ್ಲ. ಆದರೆ ಹೋದ ವಾರ ತಮ್ಮನ ಹೆಂಡತಿ ಕಳಿಸಿದ ಒಂದು ಚಿತ್ರದ ಮೇಲೆ ಬೆರಳು ನಿಂತುಬಿಟ್ಟಿತು. ಕಡಲ ದಂಡೆ, ಬೂದು ಮೋಡ, ನೆಲ ಗುಡಿಸುವಷ್ಟು ಉದ್ದದ ಝಗಾ ತೊಟ್ಟ ಒಬ್ಬ ಇಂಗ್ಲಿಷ್ ಹೆಂಗಸು. ಎದುರು ಮನೆಯ ಕಾಕುವಿನ ಪಡಸಾಲೆಯಲ್ಲಿ ತೂಗುತ್ತಿದ್ದದ್ದು ಇದೇ ಚಿತ್ರವಲ್ಲ, ಆದರೆ ಇದರ ಬಳಗದ್ದೇ. ಫೋನು ಹಿಡಿದು ನಿಂತೇ ಇದ್ದೆ, ಒಲೆಯ ಮೇಲೆ ಹಾಲು ಉಕ್ಕಿ ಹೋಯಿತು...

ಕಾಕು ಎಂದರೆ ಚಿಕ್ಕಮ್ಮ, ಆದರೆ ನಮಗೇನೂ ರಕ್ತಸಂಬಂಧವಲ್ಲ. ಗಡಿಯೂರು ಉಮದಿಯಲ್ಲಿ ನಮ್ಮ ಮನೆ, ಅವರ ಮನೆ ಎದುರುಬದುರು. ಓಣಿಯ ಮಕ್ಕಳೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದೆವು. ಕಾಕುವಿನ ಗಂಡನಿಗೆ ಬಟ್ಟೆ ಅಂಗಡಿ ಇತ್ತು. ಅವರ ಪಡಸಾಲೆಗೆ ಕಾಲಿಟ್ಟರೆ ಸಾಕು, ಹೊಸ ಬಟ್ಟೆಯ ಗಂಜಿಯ ವಾಸನೆ ಮೂಗಿಗೆ ಬಡಿಯುತ್ತಿತ್ತು. ಕಾಕುವಿನ ಮಾತು ಕಡಿಮೆ, ನಗು ಇನ್ನೂ ಕಡಿಮೆ. ಓಣಿಯಲ್ಲಿ ಗದ್ದಲ ಮಾಡುವ ನಮ್ಮನ್ನು ಒಂದು ಸಲ ನೋಡಿದರೆ ಮುಗಿಯಿತು, ಚೆಂಡು ಅಲ್ಲೇ ಬಿಟ್ಟು ಓಡುತ್ತಿದ್ದೆವು.

ನಾನು ಇನ್ನೂ ಸಾಲಿಗೆ ಹೋಗುತ್ತಿದ್ದಾಗ ಆ ಚಿತ್ರ ಬಂತು. ಮಿರಜದಲ್ಲಿ ಯಾವುದೋ ಹಳೆಯ ಬಂಗಲೆಯ ಸಾಮಾನು ಲಿಲಾವಿಗೆ ಬಂದಿತ್ತಂತೆ. ಅಂಗಡಿಗೆ ಗಾಜಿನ ಕಪಾಟು ತರಲು ಹೋದ ಕಾಕುವಿನ ಗಂಡ, ಕಪಾಟಿನ ಜೊತೆಗೆ ಇದನ್ನೂ ಹೇರಿಕೊಂಡು ಬಂದರು. ಬಾಗಿಲಿನಷ್ಟು ಅಗಲದ ಚೌಕಟ್ಟು. ಒಳಗೆ ಮರಳು, ಅದರಾಚೆ ನೀರು, ನೀರಿನ ಕೊನೆಯಲ್ಲಿ ಉಗುರಿನಷ್ಟು ಒಂದು ಹಡಗು. ದಂಡೆಯ ಮೇಲೆ ಒಬ್ಬಳೇ ಹೆಣ್ಣು. ಗಾಳಿಗೆ ಕೂದಲು ಬಿಚ್ಚಿಕೊಂಡಿದೆ, ಟೊಪ್ಪಿಗೆ ರಿಬ್ಬನ್ನಿನಿಂದ ಬೆನ್ನ ಮೇಲೆ ಜೋತಾಡುತ್ತಿದೆ. ಒಂದು ಕೈಯಲ್ಲಿ ಝಗಾ ಎತ್ತಿ ಹಿಡಿದಿದ್ದಾಳೆ. ಮೈ ನಮ್ಮ ಕಡೆ, ಮುಖ ಮಾತ್ರ ಕಡಲಿನ ಕಡೆ.

ಊರೆಲ್ಲ ನೋಡಲು ಬಂತು. ನಮ್ಮಲ್ಲಿ ಕಡಲು ಕಂಡವರು ಯಾರಿದ್ದರು? ಒಬ್ಬೊಬ್ಬರು ಒಂದೊಂದು ಹೇಳಿದರು. ಸಾಲಿಯ ಗುರುಗಳು, ಗಂಡ ಹಡಗು ಹತ್ತಿ ಹೋಗಿದ್ದಾನೆ, ಹಾದಿ ಕಾಯುತ್ತಾಳೆ ಎಂದರು. ಕಾಕುವಿನ ಗಂಡನಿಗೆ ಕಂಡದ್ದು ಬಟ್ಟೆ ಮಾತ್ರ. "ಏನಿಲ್ಲಂದ್ರೂ ಹದಿನೈದು ವಾರು ಬೇಕು ಆ ಝಗಾಕ್ಕ. ಅರ್ಧಾ ಮಣ್ಣಾಗ ಹೊರಳಾಡಾಕತ್ತೈತಿ," ಎಂದು ಹೊಟ್ಟೆ ಉರಿಸಿಕೊಂಡರು. ಇದೆಲ್ಲವನ್ನೂ ಕೇಳಿಕೊಂಡು ಕುಳಿತಿದ್ದ ಕಾಕುವಿನ ಅತ್ತೆ ಕೊನೆಗೆ ಒಂದು ಮಾತು ಹೇಳಿದರು.

"ಕೈಯಾಗ ಕೊಡಾ ಐತೇನು? ಇಲ್ಲ. ಕೊಡಾ ಇಲ್ಲದ ಹೆಣಮಗಳು ಒಬ್ಬಾಕಿನ ನೀರಿನ ದಂಡಿಗೆ ಯಾಕ ಬರ್ತಾಳ? ಹಾರ್ಕೊಳ್ಳಾಕ ಬಂದಾಳ."

ನಮ್ಮ ನೆಲದಲ್ಲಿ ನೀರೆಂದರೆ ಬಾವಿ. ಹೆಂಗಸರು ಬಾವಿಗೆ ಹೋಗುವುದು ಕೊಡ ಹೊತ್ತು, ನಾಲ್ಕು ಜನ ಕೂಡಿ. ಬರಿಗೈಯಲ್ಲಿ ಒಬ್ಬಳೇ ಹೋದಳೆಂದರೆ ಅದಕ್ಕೆ ಇನ್ನೊಂದೇ ಅರ್ಥ. ಅದನ್ನು ಯಾರೂ ಯಾರಿಗೂ ಹೇಳಿಕೊಡಬೇಕಿಲ್ಲ. ಅಂದಿನಿಂದ ಆ ಇಂಗ್ಲಿಷ್ ಮೇಡಂ ಊರ ಬಾಯಲ್ಲಿ 'ಹಾರ್ಕೊಳ್ಳೋ ಮಡ್ಡಮ್ಮ' ಆದಳು. ಕಾಕುವಿನ ಮನೆಗೆ ಹೆಣ್ಣು ನೋಡಲು ಬಂದ ಬೀಗರು ಅವಳಿಗೆ ಬೆನ್ನು ಹಾಕಿ ಕುಳಿತುಕೊಳ್ಳುತ್ತಿದ್ದರು. ಅಂಥ ಚಿತ್ರ ಮನೆಯಲ್ಲಿ ಇರಬಾರದು, ತೆಗೆಸು ಎಂದು ಅತ್ತೆ ಸಾಯುವ ತನಕ ಹೇಳಿದರು. ಮತ್ತೆಲ್ಲ ಮಾತಿಗೂ ಹೂಂ ಎನ್ನುತ್ತಿದ್ದ ಕಾಕು ಇದೊಂದಕ್ಕೆ ಮಾತ್ರ ಕಿವಿಗೊಡಲಿಲ್ಲ. ಯಾಕೆ ಎಂದು ಕೇಳಿದರೆ ಉತ್ತರವನ್ನೂ ಕೊಡಲಿಲ್ಲ.

ನನ್ನ ಮದುವೆಯಾಯಿತು. ಹತ್ತನೇ ಇಯತ್ತೆ ಅರ್ಧಕ್ಕೆ ಬಿಟ್ಟು ಗಡಿಯಾಚೆಯ ಒಂದು ಊರಿಗೆ ಹೋದೆ. ಅಲ್ಲಿಯದನ್ನು ಬಹಳ ಹೇಳುವುದಿಲ್ಲ, ಹೇಳಿದರೆ ಈಗಲೂ ಬಾಯಿ ಕಹಿಯಾಗುತ್ತದೆ. ಗಂಡನಿಗೆ ನಾನು ಬೇಡವಾಗಿದ್ದೆ, ಅವನ ಮನಸ್ಸು ಬೇರೆ ಕಡೆ ಇತ್ತು. ಬೇಡವಾದದ್ದನ್ನು ಬಾಯಿಯಿಂದ ಹೇಳುವ ಬದಲು ಕೈಯಿಂದ ಹೇಳುತ್ತಿದ್ದ. ಎರಡನೆಯ ವರ್ಷ ಒಂದು ದಿನ ಬಸ್ಸು ಹತ್ತಿ ತವರಿಗೆ ಬಂದೆ. ಅವ್ವ ನನ್ನ ಬೆನ್ನಿಗೆ ಅರಿಸಿನ ಹಚ್ಚಿ ಅತ್ತಳು. ಅಪ್ಪ ಬೆನ್ನು ನೋಡಲಿಲ್ಲ, ಅವನಿಗೆ ಊರು ಕಾಣುತ್ತಿತ್ತು.

ಪಂಚರು ಕೂಡಿದರು. ಗಂಡನ ಕಡೆಯವರೂ ಬಂದರು. ಚಹ ಕುಡಿದರು, ಎಲೆ ಅಡಿಕೆ ಹಾಕಿಕೊಂಡರು, ಹುಡುಗಿ ಸ್ವಲ್ಪ ತಾಳಿಕೊಂಡು ಹೋಗಬೇಕು ಎಂದರು. ಸೋಮವಾರ ನನ್ನನ್ನು ಗಂಡನ ಮನೆಗೆ ಬಿಟ್ಟು ಬರುವುದೆಂದು ನಿಶ್ಚಯವಾಯಿತು. ನನ್ನನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ. ಒಂದು ಎಮ್ಮೆಯನ್ನು ಮಾರುವಾಗಲಾದರೂ ಅದರ ಹಲ್ಲು ನೋಡುತ್ತಾರೆ.

ಸೋಮವಾರಕ್ಕೆ ಇನ್ನೂ ಎರಡು ದಿನವಿತ್ತು. ಮನೆಯವರೆಲ್ಲ ಸಂತೆಗೆ ಹೋಗಿದ್ದರು. ಸುಡು ಮಧ್ಯಾಹ್ನ, ಓಣಿಯಲ್ಲಿ ನಾಯಿ ಕೂಡ ಇರಲಿಲ್ಲ. ನಾನು ಎದ್ದು ಓಣಿಯ ಕೊನೆಯ ಹೊಲದ ಬಾವಿಯ ಕಡೆಗೆ ಹೊರಟೆ. ಏನು ಯೋಚಿಸುತ್ತಿದ್ದೆ ಎಂದು ಕೇಳಿದರೆ, ಏನೂ ಇಲ್ಲ. ಕಾಲು ನಡೆಯುತ್ತಿದ್ದವು, ಅಷ್ಟೇ. ನೆನೆದರೆ ಈಗ ಭಯವಾಗುವುದು ಅದಕ್ಕೇ...

"ಏ ಹುಡುಗಿ, ಎಲ್ಲಿಗಿ ಹೊಂಟಿ?"

ಕಾಕು ತಮ್ಮ ಕಟ್ಟೆಯ ಮೇಲೆ ನಿಂತಿದ್ದರು.

"ನೀರಿಗ್ರಿ," ಎಂದೆ.

"ಕೊಡಾ ಎಲ್ಲಿ?"

ನಾನು ನನ್ನ ಕೈ ನೋಡಿಕೊಂಡೆ. ಎರಡೂ ಖಾಲಿ. ಖಾಲಿ ಇವೆ ಎನ್ನುವುದು ನನಗೆ ಆಗಲೇ ಗೊತ್ತಾದದ್ದು.

ಕಾಕು ಕೂಗಲಿಲ್ಲ, ಓಡಿ ಬಂದು ಹಿಡಿಯಲೂ ಇಲ್ಲ. "ಬಾ ಇಲ್ಲಿ. ಮಡ್ಡಮ್ಮನ ಮ್ಯಾಲ ಧೂಳ ಕುಂತೈತಿ, ಒರಸಬೇಕು. ಸ್ಟೂಲ್ ಅಳಗ್ಯಾಡತೈತಿ, ಹಿಡಕೊಳ್ಳಾಕ ಒಬ್ರು ಬೇಕು," ಎಂದರು. ಹಿರಿಯರು ಕೆಲಸ ಹೇಳಿದರೆ ಇಲ್ಲವೆನ್ನುವ ರೂಢಿ ನಮಗಿರಲಿಲ್ಲ. ಸಾಯಲು ಹೊರಟವಳು ಸ್ಟೂಲು ಹಿಡಿಯಲು ಹೋದೆ.

ಒಳಗೆ ತಂಪಿತ್ತು. ಕಾಕು ಬಾಗಿಲಿಗೆ ಅಗಳಿ ಹಾಕಿದರು. ಒಂದು ಒದ್ದೆ ಅರಿವೆಯನ್ನು ನನ್ನ ಕೈಗೆ ಕೊಟ್ಟು, ನಾನೇ ಹತ್ತಬೇಕೆಂದು ಹೇಳಿ, ತಾವು ಸ್ಟೂಲು ಹಿಡಿದರು. ನಾನು ಗಾಜು ಒರೆಸತೊಡಗಿದೆ.

"ಆಕಿ ಏನ ಮಾಡಾಕತ್ತಾಳ, ಹೇಳು ನೋಡೂಣು."

"ಹಾರ್ಕೊಳ್ಳಾಕ ಹೊಂಟಾಳ್ರಿ."

"ಯಾರ ಹೇಳಿದ್ರು?"

"ಎಲ್ಲಾರೂ ಹಂಗ ಅಂತಾರಲ್ರಿ."

"ಎಲ್ಲಾರ ಮಾತು ಬಿಡು. ನಿನಗೂ ಕಣ್ಣ ಅದಾವಲ್ಲ. ಆಕಿ ಕಾಲಕಡೆ ನೋಡು. ಝಗಾದ ಅಂಚು ಹೆಂಗೈತಿ?"

ಅಷ್ಟು ವರ್ಷ ಆ ಚಿತ್ರ ನೋಡಿದ್ದೆ, ಕಾಲ ಕಡೆ ಒಮ್ಮೆಯೂ ನೋಡಿರಲಿಲ್ಲ. ಮುಖವನ್ನು ಗಾಜಿಗೆ ಹತ್ತಿರ ಒಯ್ದೆ. ಮೇಲೆಲ್ಲ ತಿಳಿ ನೀಲಿಯಿದ್ದ ಝಗಾ ಕೆಳಗೆ ಒಂದು ಗೇಣಿನಷ್ಟು ಕಪ್ಪಾಗಿತ್ತು, ಮೈಗೆ ಅಂಟಿದಂತಿತ್ತು.

"ತೊಯ್ದೈತ್ರಿ."

"ಇನ್ನ ಹೋಗಾಕಿದ್ದಾಕಿ ಝಗಾ ಹೆಂಗ ತೊಯ್ದೀತು?"

ಕಾಕು ಅಷ್ಟುದ್ದ ಮಾತಾಡಿದ್ದನ್ನು ನಾನು ಅಂದೇ ಮೊದಲು ಕೇಳಿದ್ದು.

"ಆಕಿ ಹೋಗಾಕಿ ಅಲ್ಲ. ಹೋಗಿ ಹೊಳ್ಳಿ ಬಂದಾಕಿ. ನೀರು ಮೊಣಕಾಲತನಾ ಬಂದಿರಬೇಕು. ಅಲ್ಲೆ ನಿಂತು ಏನ ವಿಚಾರ ಮಾಡಿದ್ಲೋ, ಹೊಳ್ಳಿ ಬಂದಾಳ. ಒಮ್ಮಿ ನೀರಿನ ಕಡೆ ನೋಡಿ ಈಗ ಮನಿಗಿ ಹೊಂಟಾಳ. ಅದಕ್ಕ ಆಕಿ ಮೈ ಈ ಕಡೆ ಐತಿ."

"ಯಾರ ಮನಿಗ್ರಿ?" ಎಂದೆ.

"ಯಾರೂ ಬಾಗಲಾ ತಗೀಲಿಲ್ಲಂದ್ರ ನಾ ತಗೀತೀನಿ," ಎಂದರು.

ಸ್ಟೂಲಿನ ಮೇಲೆ ನಿಂತೇ ಅತ್ತುಬಿಟ್ಟೆ. ತವರಿಗೆ ಬಂದಾಗಿನಿಂದ ಅವ್ವ ಅತ್ತಿದ್ದಳು, ನಾನು ಅತ್ತಿರಲಿಲ್ಲ. ಚೌಕಟ್ಟಿಗೆ ಹಣೆ ಹಚ್ಚಿ ಅಳುತ್ತಿದ್ದರೆ ಕಾಕು ಎರಡೂ ಕೈಯಿಂದ ಸ್ಟೂಲು ಹಿಡಿದುಕೊಂಡೇ ಇದ್ದರು. "ಅಳವಾ, ಎಷ್ಟ ಬೇಕಷ್ಟ ಅಳು. ಗಾಜೊಂದು ಒಡೀಬ್ಯಾಡ," ಎಂದರು. ಬಾವಿಯ ಮಾತು ಅವರು ಎತ್ತಲಿಲ್ಲ.

ಅಂದು ಸಂಜೆ ಅವರು ಓಣಿ ದಾಟಿ ನಮ್ಮ ಮನೆಗೆ ಬಂದರು. ಮದುವೆ ಮುಂಜಿವೆ ಬಿಟ್ಟರೆ ಅವರು ಯಾರ ಮನೆಗೂ ಹೋಗುವವರಲ್ಲ. ಅಪ್ಪ ಗಾಬರಿಯಾಗಿ ಎದ್ದು ನಿಂತ.

"ಕುಂದ್ರಿ ವೈನಿ."

"ಕುಂದ್ರಾಕ ಬಂದಿಲ್ಲ. ಸೋಮವಾರ ಹುಡುಗೀನ ಕಳಸೂದು ಬ್ಯಾಡ್ರಿ."

"ಪಂಚರ ಮುಂದ ಮಾತ ಕೊಟ್ಟೀನ್ರಿ. ಮಂದಿ ಏನಂದಾರು?"

"ಮಂದಿ ಏನರ ಅನ್ಲಿ. ನಾಳಿ ಬಾವ್ಯಾಗಿಂದ ಹೆಣಾ ಎತ್ತೂಮುಂದ ಹಗ್ಗಾ ಹಿಡ್ಯಾಕೂ ಅದ ಮಂದಿ ಬರತೈತಿ. ಯಾವುದು ಚಲೋ, ನೀವ ನೋಡ್ರಿ." ಅವರ ದನಿ ಏರಲಿಲ್ಲ. "ಭಾರ ಆಗ್ಯಾಳಂದ್ರ ನಮ್ಮ ಮನ್ಯಾಗ ಇರ್ತಾಳ. ಎರಡ ರೊಟ್ಟಿ ಹೆಚ್ಚ ಬಡದ್ರ ನಮ್ಮ ಕೈಯೇನ ಸವೆಯಂಗಿಲ್ಲ."

ಅಪ್ಪ ನನ್ನ ಕಡೆ ನೋಡಿದ. ಬಂದಾಗಿನಿಂದ ಅವನು ನನ್ನ ಮುಖ ನೋಡಿದ್ದು ಅದೇ ಮೊದಲು. ಆಮೇಲೆ ತಲೆಯ ರುಮಾಲು ತೆಗೆದು ಅದರಲ್ಲಿ ಮುಖ ಮುಚ್ಚಿಕೊಂಡ. ಸೋಮವಾರ ನಾವು ಎಲ್ಲಿಗೂ ಹೋಗಲಿಲ್ಲ.

ಬಿಟ್ಟ ಹತ್ತನೇ ಇಯತ್ತೆಯನ್ನು ಕಾಕುವಿನ ಪಡಸಾಲೆಯಲ್ಲೇ ಓದಿ ಮುಗಿಸಿದೆ. ಮುಂದೆ ಅಂಗನವಾಡಿಯಲ್ಲಿ ಸೇವಿಕೆಯಾದೆ. ಈ ಊರಿನ ಅರ್ಧ ಮಂದಿಯ ಮೂಗು ಸಣ್ಣವರಿದ್ದಾಗ ನಾನು ಒರೆಸಿದ್ದೇನೆ. ಈಗ ಅವರೇ ಮೀಸೆ ತಿರುವಿಕೊಂಡು ನನಗೆ ಬುದ್ಧಿ ಹೇಳಲು ಬರುತ್ತಾರೆ, ನಾನು ಕೇಳುವುದಿಲ್ಲ. ಮತ್ತೆ ಮದುವೆಯಾಗಲಿಲ್ಲ. ಚಲೋ ಬದುಕಿದೆ ಎಂದೇ ಹೇಳುತ್ತೇನೆ.

ಒಂದು ಮಾತು ಮಾತ್ರ ಮನಸ್ಸಿನಲ್ಲಿ ಇದ್ದೇ ಇತ್ತು. ಝಗಾದ ಅಂಚು ತೊಯ್ದದ್ದು ಊರಿನಲ್ಲಿ ಯಾರಿಗೂ ಕಾಣದೆ ಕಾಕುವಿಗೆ ಹೇಗೆ ಕಂಡಿತು? ಅವರೂ ಒಮ್ಮೆ ಬಾವಿಯ ತನಕ ಹೋಗಿ ಬಂದಿರಬೇಕು ಎಂದುಕೊಂಡಿದ್ದೆ. ಅವರ ಗಂಡ ತೀರಿಕೊಂಡ ಮೇಲೆ, ಅವರಿಗೆ ಮೊಣಕಾಲು ನೋವು ಹೆಚ್ಚಾಗಿ ನಾನು ಎಣ್ಣೆ ತಿಕ್ಕಲು ಹೋಗುತ್ತಿದ್ದ ದಿನಗಳಲ್ಲಿ, ಒಂದು ಮಧ್ಯಾಹ್ನ ಕೇಳಿಯೇಬಿಟ್ಟೆ.

"ಕಾಕು, ನೀವೂ ಒಮ್ಮಿ ಹೋಗಿದ್ರೇನ್ರಿ?"

ಎಲ್ಲಿಗೆ ಎಂದು ಅವರು ಕೇಳಲಿಲ್ಲ.

"ನಾ ಅಲ್ಲ. ನನ್ನ ತಂಗಿ."

ನಾನು ಎಣ್ಣೆ ತಿಕ್ಕುತ್ತಲೇ ಇದ್ದೆ.

"ನಮ್ಮ ತವರು ಬಾಲಗಾಂವ. ಅವ್ವ ಲಗೂನ ಹ್ವಾದ್ಲು, ಮನಿಗಿ ನಾನ ದೊಡ್ಡಾಕಿ. ತಂಗಿ ಗಂಡನ ಮನಿಯಿಂದ ಅಳಕೋತ ಬರೂದು, ನಾ ಇಲ್ಲಿಂದ ಹೋಗಿ ತಿಳಿಸಿ ಹೇಳೂದು. ಬಂದಾಗೊಮ್ಮಿ ತಲಿ ಹಿಕ್ಕಿ, ಉಡಿ ತುಂಬಿ ನಾನ ಕಳಸತಿದ್ದೆ. ತಾಳಕೋ, ಎಲ್ಲಾ ಸಮಾ ಆಗತೈತಿ ಅಂತಿದ್ದೆ. ಕಡೀಕ ಒಮ್ಮಿ, ಈ ಸಲಾ ಬ್ಯಾಡಕ್ಕಾ ಅಂದ್ಲು. ಆಗೂ ಉಡಿ ತುಂಬಿದೆ..."

ತಂಗಿ ಬಾವಿಯಿಂದ ಹೊರಳಿ ಬರಲಿಲ್ಲ ಎನ್ನುವುದನ್ನು ಅವರು ಹೇಳಬೇಕಿರಲಿಲ್ಲ.

ನಾನು ಗೋಡೆಯ ಮೇಲಿನ ಚಿತ್ರದ ಕಡೆ ನೋಡಿದೆ. "ಹಂಗಾರ ಝಗಾದ ಅಂಚು?"

"ತೊಯ್ದೈತೋ, ಬರೇ ನೆಳ್ಳೋ, ಬರದಾವಗ ಗೊತ್ತು. ನನಗ ತೊಯ್ದೈತಿ ಅಂತ ಕಾಣತೈತಿ. ದಿನಾ ಮುಂಜಾನಿ ಎದ್ದು ನೋಡ್ತೀನಿ, ಆಕಿ ಹೊಳ್ಳಿ ಬಂದಿರ್ತಾಳ."

ಅತ್ತೆಯ ಬೈಗುಳ, ಬೀಗರ ಮುನಿಸು, ಊರ ಮಾತು ಯಾವುದಕ್ಕೂ ಜಗ್ಗದೆ ಅವರು ಆ ಚಿತ್ರವನ್ನು ಯಾಕೆ ಇಟ್ಟುಕೊಂಡಿದ್ದರು ಎನ್ನುವುದು ನನಗೆ ಅಂದು ತಿಳಿಯಿತು. ಅವರ ಮೊಣಕಾಲಿನ ಮೇಲೆ ತಲೆ ಇಟ್ಟು ಕುಳಿತೆ. ಎಣ್ಣೆಯೆಲ್ಲ ಕೆನ್ನೆಗೆ ಹತ್ತಿತು. ಅವರ ಮೇಲೆ ನನಗಿದ್ದ ಪ್ರೀತಿಯನ್ನು ನಾನು ಬಾಯಿಬಿಟ್ಟು ಹೇಳಿದವಳಲ್ಲ, ಅಂದೂ ಹೇಳಲಿಲ್ಲ. ಅವರಿಗೆ ಗೊತ್ತಿತ್ತು ಎಂದುಕೊಂಡಿದ್ದೇನೆ.

ಕಾಕು ಹೋಗಿ ಕೆಲವು ವರ್ಷಗಳಾದವು. ಮಕ್ಕಳು ಮನೆ ಮಾರಿ ಸಾಂಗಲಿಗೆ ಹೋದರು. ಆ ಜಾಗದಲ್ಲಿ ಈಗ ಗೊಬ್ಬರದ ಅಂಗಡಿ ಇದೆ, ಬಾಗಿಲು ತೆರೆದರೆ ಕಣ್ಣುರಿಯುತ್ತದೆ. ಚಿತ್ರ ಹಳೆ ಸಾಮಾನಿನ ಭಂಗಾರದವನ ಗಾಡಿ ಹತ್ತಿತು ಎಂದು ನನಗೆ ತಿಳಿಯುವ ಹೊತ್ತಿಗೆ ಅವನು ಚೌಕಟ್ಟು ಮಾರಿ, ಒಳಗಿನ ಕಾಗದವನ್ನು ಎಲ್ಲಿಯೋ ಒಗೆದಿದ್ದ. ಅದಕ್ಕೆ ನಾನು ಬಹಳ ಅತ್ತಿಲ್ಲ. ಕಣ್ಣು ಮುಚ್ಚಿದರೆ ಆ ಒದ್ದೆ ಅಂಚು ನನಗೆ ಕಾಣುತ್ತದೆ.

ಬೇರೊಂದು ಮಾತು ನನ್ನನ್ನು ತಿನ್ನುತ್ತದೆ. ಎಣ್ಣೆ ತಿಕ್ಕುತ್ತಿದ್ದ ಆ ಮಧ್ಯಾಹ್ನ ಕಾಕುವನ್ನು ಎಲ್ಲ ಕೇಳಿದೆ, ತಂಗಿಯ ಹೆಸರೇನು ಎಂದು ಕೇಳಲಿಲ್ಲ. ಈಚೆಗೆ ಬಾಲಗಾಂವಕ್ಕೆ ಹೋದಾಗ ಒಬ್ಬ ಅಜ್ಜಿಯನ್ನು ವಿಚಾರಿಸಿದೆ. ಹೌದು, ಆ ಮನೆಯಲ್ಲಿ ಎರಡನೆಯವಳು ಒಬ್ಬಳಿದ್ದಳು, ಭಾಳ ಚೆಲುವೆ, ಹೆಸರು ನೆನಪಿಲ್ಲ ಎಂದರು. ಅವಳನ್ನು ಕಳಿಸಿದ್ದಕ್ಕೇ ಕಾಕು ನನ್ನನ್ನು ಕಳಿಸಗೊಡಲಿಲ್ಲ. ಅವಳಿಗೆ ಸಿಗದೆ ಹೋದ ಇಷ್ಟೆಲ್ಲ ವರ್ಷಗಳನ್ನು ನಾನು ಉಂಡು, ಉಟ್ಟು, ನಕ್ಕು, ಜಗಳಾಡಿ ಬಾಳಿದ್ದೇನೆ. ಅವಳನ್ನು ಏನೆಂದು ಕರೆಯುತ್ತಿದ್ದರೋ ನನಗೆ ಗೊತ್ತಿಲ್ಲ. ಗೊತ್ತಿದ್ದವರು ಕಾಕು ಒಬ್ಬರೇ.