ಕಾಳಗಿ ತಾಲೂಕಿನಲ್ಲಿ ಸಿಗದ ಅಂಬಿಕಾ

ಲುಂಬಿನಿಗೆ ಈಗ ನಲವತ್ತೊಂದು ವರ್ಷ. ಅದರಲ್ಲಿ ಹದಿಮೂರು ವರ್ಷ ಬೇರೆಯವರ ಮಕ್ಕಳ ಹೆಸರು ಟೈಪು ಮಾಡುವುದರಲ್ಲೇ ಹೋಗಿದೆ. ವಾಡಿಯ ಸ್ಟೇಷನ್ನಿಗೆ ಹತ್ತಿರ ಎರಡು ಕೋಣೆಯ ಒಂದು ಸಂಸ್ಥೆ. ಸುತ್ತಲಿನ ತಾಲೂಕುಗಳ ಹಳೆಯ ಶಾಲೆಗಳಿಂದ ದಾಖಲಾತಿ ರಜಿಸ್ಟರುಗಳ ಫೋಟೋ ತೆಗೆದುಕೊಂಡು ಬಂದು, ಒಂದೊಂದೇ ಸಾಲನ್ನು ಕಂಪ್ಯೂಟರಿಗೆ ಏರಿಸಿ, ಕೇಳಿದವರಿಗೆ ಅವರ ದಾಖಲೆ ಯಾವ ಶಾಲೆಯಲ್ಲಿ, ಯಾವ ಪುಟದಲ್ಲಿದೆ ಎಂದು ಹೇಳುವುದು ಅಲ್ಲಿಯ ಕೆಲಸ. ಶಾಲೆ ಮುಚ್ಚಿಹೋದವರಿಗೆ, ಟಿ.ಸಿ. ಕಳೆದುಕೊಂಡವರಿಗೆ ಬೇರೆ ದಾರಿ ಇರುವುದಿಲ್ಲ.

ಅವಳ ಅಪ್ಪ ರೇಲ್ವೆಯಲ್ಲಿ ಹಳಿ ನೋಡುವ ಕೆಲಸದಲ್ಲಿದ್ದವನು. ಅವನು ತೀರಿಕೊಂಡ ಮೇಲೆ ಕ್ವಾರ್ಟರ್ಸು ಬಿಟ್ಟು, ತಾಯಿ ರಮಾಬಾಯಿಯ ಜೊತೆ ಬಾಡಿಗೆ ಮನೆಗೆ ಬಂದಳು. ಕಂಪ್ಯೂಟರ್ ಡಿಪ್ಲೊಮಾ ಮುಗಿಸಿದ್ದಳು. ಆ ಓದು ಟೈಪು ಮಾಡುವುದಕ್ಕಷ್ಟೇ ಸಾಕಾಯಿತು. ಕುತ್ತಿಗೆ ನೋವು ನಾಲ್ಕನೇ ವರ್ಷಕ್ಕೆ ಶುರುವಾಗಿ ಅಲ್ಲೇ ಉಳಿಯಿತು.

ಎರಡು ವರ್ಷದ ಹಿಂದೆ ಸಂಸ್ಥೆಯ ಮೇಲ್ವಿಚಾರಕ ಲಕ್ಷ್ಮಿಕಾಂತ ಒಂದು ಹೊಸ ಸುದ್ದಿ ತಂದ. ಇನ್ನು ಮುಂದೆ ಜನ ವಾಡಿಗೆ ಬಂದು ಸಾಲು ಹಚ್ಚಬೇಕಿಲ್ಲ, ಮೊಬೈಲಿನಲ್ಲಿ ಕನ್ನಡದಲ್ಲಿ ಪ್ರಶ್ನೆ ಕೇಳಿದರೆ ಎಐ ಏಜೆಂಟ್ ಹುಡುಕಿ ಉತ್ತರ ಹೇಳುತ್ತದೆ.

"ಅದಕ್ಕ ಮಾತಾಡ್ಲಿಕ್ಕ ಬರ್ತದರಿ ಮೇಡಂ, ಆದ್ರ ನಮ್ಮ ರಜಿಸ್ಟರ್ ಗೊತ್ತಿಲ್ಲ. ಹುಡುಕೋ ಟೂಲ್ ನೀವು ಮಾಡಿ ಕೊಡಬೇಕು. ನಿಮ್ಮಷ್ಟು ಆ ರಜಿಸ್ಟರ್ ಬಲ್ಲವರು ಯಾರದಾರ?"

ಬೇಡ ಎನ್ನಲು ಅವಳಿಗೆ ಕಾರಣ ಹೊಳೆಯಲಿಲ್ಲ. ಹಳೆಯ ಪುಸ್ತಕ ತೆಗೆದು ಮರೆತದ್ದನ್ನು ಓದಿಕೊಂಡಳು. ಟೂಲ್ ಎಂದರೆ ಒಂದು ಪುಟ್ಟ ಪ್ರೋಗ್ರಾಮು. ಪ್ರಶ್ನೆ ಬಂದಾಗ ಏಜೆಂಟ್ ಅದನ್ನು ಕರೆಯುತ್ತದೆ, ಹೆಸರು, ಊರು, ತಾಲೂಕು, ವರ್ಷ ಕೊಡುತ್ತದೆ. ಟೂಲು ದಾಖಲೆಯಲ್ಲಿ ಹುಡುಕಿ ಸಿಕ್ಕ ಸಾಲುಗಳನ್ನು ವಾಪಸು ಕೊಡುತ್ತದೆ. ಪ್ರತಿ ಟೂಲಿನ ತಲೆಯ ಮೇಲೆ ಅದು ಏನು ಮಾಡುತ್ತದೆ, ಯಾವಾಗ ಬಳಸಬೇಕು ಎಂದು ನಾಲ್ಕು ಸಾಲು ಬರೆಯಬೇಕು. ಏಜೆಂಟ್ ಆ ಸಾಲುಗಳನ್ನು ಓದಿಯೇ ತೀರ್ಮಾನ ಮಾಡುವುದು. ಹೊಸದಾಗಿ ಬಂದ ಗುಮಾಸ್ತನಿಗೆ ಕೆಲಸ ಹೇಳಿಕೊಟ್ಟ ಹಾಗೆ ಲುಂಬಿನಿ ಅವನ್ನು ಬರೆದಳು. ಮೂರು ತಿಂಗಳು ಹಿಡಿಯಿತು. ಟೈಪಿನ ಕೆಲಸವೂ ನಿಲ್ಲಲಿಲ್ಲ.

ಏಜೆಂಟ್ ಶುರುವಾಯಿತು. ಮೊದಲ ವಾರವೇ ನೂರಾರು ಜನ ಕೇಳಿದರು. ಲಕ್ಷ್ಮಿಕಾಂತ ಪೇಡೆ ಹಂಚಿದ. ಆಫೀಸಿಗೆ ಬರುವವರು ಕಡಿಮೆಯಾದರು. ಲುಂಬಿನಿಗೆ ಮಧ್ಯಾಹ್ನ ಕೂತು ಊಟ ಮಾಡುವಷ್ಟು ಬಿಡುವು ಸಿಕ್ಕಿತು.

ಜೂನ್ ತಿಂಗಳ ಒಂದು ಮಂಗಳವಾರ ಒಬ್ಬ ಹೆಣ್ಣುಮಗಳು ಬಾಗಿಲಲ್ಲಿ ಬಂದು ನಿಂತಳು. ಮೂವತ್ತೈದರ ಆಸುಪಾಸು. ಬಸ್ಸಿನ ಧೂಳು ಸೆರಗಿನ ಮೇಲೆ ಹಾಗೇ ಇತ್ತು.

"ಬರ್ರಿ, ಕುಂದ್ರಿ. ಎಲ್ಲಿಂದ ಬಂದೀರಿ?" ಎಂದಳು ಲುಂಬಿನಿ.

"ಕಾಳಗಿ ಕಡೆಯಿಂದರಿ ಅಕ್ಕೋರ. ಹೊಳಿ ದಂಡಿಗೆ ನಮ್ಮೂರು. ಅಂಬಿಕಾ ಅಂತ ನನ್ನ ಹೆಸರು, ನಮ್ಮಪ್ಪ ಕಾಶಪ್ಪ." ಅವಳು ಮೊಬೈಲು ತೆಗೆದು ಮುಂದೆ ಹಿಡಿದಳು. "ಇದರಾಗ ಕೇಳಿದ್ದೆ. ನಾ ಸಾಲಿಗಿ ಹೋಗೇ ಇಲ್ಲ ಅಂತದ. ಖರೇನೇನ್ರಿ?"

ಪರದೆಯ ಮೇಲೆ ಏಜೆಂಟಿನ ಉತ್ತರವಿತ್ತು. ಶುದ್ಧ ಕನ್ನಡ, ಮರ್ಯಾದೆಯ ಮಾತು. 'ಕ್ಷಮಿಸಿ, ಅಂಬಿಕಾ ತಂದೆ ಕಾಶಪ್ಪ ಎಂಬ ವಿದ್ಯಾರ್ಥಿನಿ ಕಾಳಗಿ ತಾಲೂಕಿನ ಆ ಶಾಲೆಯಲ್ಲಿ ಓದಿಲ್ಲ.'

ವಸತಿ ನಿಲಯವೊಂದರಲ್ಲಿ ಅಡುಗೆ ಸಹಾಯಕಿಯ ಕೆಲಸಕ್ಕೆ ಅರ್ಜಿ ಕರೆದಿದ್ದರು. ಏಳನೇ ತರಗತಿ ಪಾಸಾದ ದಾಖಲೆ ಬೇಕಿತ್ತು. ಅಂಬಿಕಾ ಓದಿದ ಶಾಲೆ ಮುಚ್ಚಿ ಬಹಳ ವರ್ಷವಾಗಿತ್ತು. ಈ ಉತ್ತರ ಬಂದ ಮೇಲೆ ಅವಳು ಅರ್ಜಿಯನ್ನೇ ಹಾಕಿರಲಿಲ್ಲ.

"ನಮ್ಮ ಅಣ್ಣ ಭಾಗಣ್ಣ ನಗಾಕತ್ತಾನ್ರಿ. ನೀ ಐದನೆತ್ತಕ್ಕ ಬಿಟ್ಟಾಕಿ, ಸುಳ್ಳ ಹೇಳ್ತಿ, ಮಿಷನ್ನಿಗೂ ಗೊತ್ತಾಗ್ಯದ ಅಂತಾನ. ನನಗ ನೆಪ್ಪದರಿ. ಏಳನೆತ್ತಾ ಪರೀಕ್ಷಾ ಬರದೀನಿ. ಆದ್ರ ದಿನಾ ಹಂಗೇ ಅಂದ್ರ, ನಂದೇ ತಪ್ಪೇನೋ ಅನ್ನಸ್ಲಿಕತ್ತದ."

ಲುಂಬಿನಿ ಟೂಲನ್ನು ಬಿಟ್ಟು ನೇರವಾಗಿ ದಾಖಲೆ ತೆರೆದಳು. ತಾಲೂಕಿನ ಹೆಸರು ಹಾಕದೆ ಊರಿನ ಹೆಸರೊಂದನ್ನೇ ಹಾಕಿ ಹುಡುಕಿದಳು. ನಾಲ್ಕು ನಿಮಿಷವೂ ಹಿಡಿಯಲಿಲ್ಲ. ಅಂಬಿಕಾ, ತಂದೆ ಕಾಶಪ್ಪ, ಒಂದನೇ ತರಗತಿಗೆ ಸೇರಿದ ದಿನಾಂಕ, ಏಳನೇ ತರಗತಿ ಉತ್ತೀರ್ಣ, ಶಾಲೆ ಬಿಟ್ಟ ದಿನಾಂಕ. ತಾಲೂಕು: ಚಿತ್ತಾಪುರ.

ಕಾಳಗಿ ಬೇರೆ ತಾಲೂಕಾದದ್ದು ಇತ್ತೀಚಿನ ವರ್ಷಗಳಲ್ಲಿ. ಅಂಬಿಕಾ ಓದುವಾಗ ಅದು ಚಿತ್ತಾಪುರಕ್ಕೆ ಸೇರಿತ್ತು, ರಜಿಸ್ಟರಿನಲ್ಲಿ ಹಾಗೇ ಇತ್ತು. ಈಗಿನವರು ಸಹಜವಾಗಿಯೇ ಕಾಳಗಿ ತಾಲೂಕು ಎಂದು ಕೇಳುತ್ತಾರೆ. ಟೂಲು ಆ ತಾಲೂಕಿನಲ್ಲಿ ಮಾತ್ರ ಹುಡುಕಿ ಬರಿಗೈಯಲ್ಲಿ ಬಂದಿತ್ತು. ಏಜೆಂಟ್ ಅದನ್ನು 'ಓದಿಲ್ಲ' ಎಂದು ಅರ್ಥ ಮಾಡಿಕೊಂಡಿತ್ತು. ಸಿಗಲಿಲ್ಲ ಎನ್ನುವುದಕ್ಕೂ ಓದಿಲ್ಲ ಎನ್ನುವುದಕ್ಕೂ ಇರುವ ಅಂತರವನ್ನು ಲುಂಬಿನಿ ಆ ನಾಲ್ಕು ಸಾಲುಗಳಲ್ಲಿ ಎಲ್ಲೂ ಬರೆದಿರಲಿಲ್ಲ.

"ಅದೀರಿ. ಏಳನೆತ್ತಾ ಪಾಸಾಗೀರಿ. ಇಲ್ಲಿ ನೋಡ್ರಿ," ಎಂದು ಪರದೆಯನ್ನು ತಿರುಗಿಸಿದಳು. ಆ ಸಾಲನ್ನು ಏರಿಸಿದವರ ಹೆಸರಿನ ಜಾಗದಲ್ಲಿ ಲುಂಬಿನಿ ಎಂದೇ ಇತ್ತು.

ಅಂಬಿಕಾ ಬೆರಳಿಟ್ಟು ತನ್ನ ಹೆಸರು ಓದಿದಳು. ಆಮೇಲೆ ಕೇಳಿದಳು, "ಅರ್ಜಿ ಹಾಕ್ಲಿಕ್ಕ ಇನ್ನ ಟೈಮ್ ಅದೇನ್ರಿ?"

ಕೊನೆಯ ದಿನ ಹೋಗಿ ಒಂಬತ್ತು ದಿನವಾಗಿತ್ತು. ಲುಂಬಿನಿ ಅರ್ಜಿ ಕರೆದ ಕಚೇರಿಗೆ ಫೋನು ಮಾಡಿದಳು. ತಪ್ಪು ನಮ್ಮದು ಎಂದು ವಿವರಿಸಿದಳು. ದಿನಾಂಕ ಮುಗಿದಿದೆ, ಏನೂ ಮಾಡಲಾಗದು ಎಂದರು. ಅವರ ಮಾತಿನಲ್ಲೂ ಸುಳ್ಳಿರಲಿಲ್ಲ.

"ತಪ್ಪು ನಂದದ," ಎಂದಳು ಲುಂಬಿನಿ. "ಆ ಮಿಷನ್ನಿಗಿ ಹುಡುಕೋದು ಹೇಳಿಕೊಟ್ಟಾಕಿ ನಾನೇ."

ಅಂಬಿಕಾ ಬೈಯುತ್ತಾಳೆ ಎಂದುಕೊಂಡಿದ್ದಳು. ಅವಳು ಬೈಯಲಿಲ್ಲ. "ಆ ಕಾಗದ ಒಂದು ಮಾಡಿ ಕೊಡ್ರಿ. ನಮ್ಮ ಅಣ್ಣಗ ತೋರಸ್ಬೇಕು," ಎಂದಳು. ಕಾಗದ ಮಡಿಚಿ ಕುಪ್ಪಸದೊಳಗಿಟ್ಟುಕೊಂಡು ಮೂರೂವರೆಯ ಬಸ್ಸಿಗೆ ಹೋದಳು.

ಆ ಸಂಜೆ ಮನೆಯಲ್ಲಿ ಲುಂಬಿನಿ ರೊಟ್ಟಿ ಮುರಿದು ಹಾಗೇ ಕೂತಿದ್ದಳು. ರಮಾಬಾಯಿ ಪಲ್ಯ ಮುಂದೆ ಸರಿಸಿ ಕೇಳಿದಳು, "ಯಾಕ ಉಣವಲ್ಲಿ?"

"ಒಬ್ಬಾಕಿ ನೌಕರಿ ನನ್ನಿಂದ ಹೋಯ್ತು ಯವ್ವಾ."

ರಮಾಬಾಯಿಗೆ ಏಜೆಂಟು, ಟೂಲು ಯಾವುದೂ ಗೊತ್ತಿಲ್ಲ. ಎಲ್ಲವನ್ನೂ ಕೇಳಿಸಿಕೊಂಡಳು. "ಹಂಗ ಇನ್ನೆಷ್ಟ ಮಂದಿಗಿ ಇಲ್ಲ ಅಂದದ ಅದು?" ಎಂದಳು.

ಈ ಪ್ರಶ್ನೆಯನ್ನು ಲುಂಬಿನಿ ಮಧ್ಯಾಹ್ನದಿಂದ ದೂರ ಇಟ್ಟಿದ್ದಳು.

ಮರುದಿನ ಏಜೆಂಟಿನ ಎಲ್ಲ ಸಂಭಾಷಣೆಗಳನ್ನು ತೆಗೆದು ಓದತೊಡಗಿದಳು. ಶಹಾಬಾದದವರಿಗೂ ಅದೇ ಆಗಿತ್ತು. ಅದೂ ಮೊದಲು ಚಿತ್ತಾಪುರದಲ್ಲೇ ಇದ್ದ ಊರು. ರಜಿಸ್ಟರಿನಲ್ಲಿ 'ಶಾಬಾದ' ಎಂದಿದ್ದರೆ 'ಶಹಾಬಾದ' ಎಂದು ಕೇಳಿದವರಿಗೆ ಸಿಕ್ಕಿರಲಿಲ್ಲ. ಸೂರ್ಯಕಾಂತ ಎಂಬವನ ಹೆಸರನ್ನು ಗುರುಗಳು 'ಸುರ್ಯಾಕಾಂತ' ಎಂದು ಬರೆದಿದ್ದರೆ ಅವನೂ ಇಲ್ಲ. ಅರವತ್ತೊಂದು ಜನರಿಗೆ ಏಜೆಂಟ್ ವಿನಯದಿಂದ ಇಲ್ಲ ಎಂದಿತ್ತು, ಮತ್ತು ಅವರೆಲ್ಲ ದಾಖಲೆಯಲ್ಲಿದ್ದರು.

ಲುಂಬಿನಿ ಒಬ್ಬೊಬ್ಬರಿಗೇ ಫೋನು ಮಾಡಿದಳು. ಐದು ವಾರ ಹಿಡಿಯಿತು. ಹನ್ನೊಂದು ನಂಬರು ಬದಲಾಗಿದ್ದವು. ಒಬ್ಬ ಗಂಡಸು ಅರ್ಧ ಗಂಟೆ ಬೈದ. ಅವಳು ಫೋನು ಇಡದೆ ಕೇಳಿಸಿಕೊಂಡಳು. ಶಹಾಬಾದದ ಪೀರಮ್ಮ ಎಂಬ ಮುದುಕಿಗೆ ತನ್ನ ವಯಸ್ಸೆಷ್ಟು ಎಂದು ತಿಳಿಯಬೇಕಿತ್ತಷ್ಟೆ. "ಎಪ್ಪತ್ತೆರಡೇನ? ನಾ ಎಂಬತ್ತ ಆಗ್ಯಾವ ಅಂತ ಕುಂತೀನಲ್ಲವ್ವಾ," ಎಂದು ನಕ್ಕಳು. ಆ ಐದು ವಾರದಲ್ಲಿ ಲುಂಬಿನಿ ನಕ್ಕದ್ದು ಅದೊಂದೇ ಸಲ.

ಫೋನಿನ ನಡುವೆ ಟೂಲುಗಳನ್ನು ಬಿಚ್ಚಿ ಮತ್ತೆ ಕಟ್ಟಿದಳು. ಊರಿನ ಹೆಸರು ಕೊಟ್ಟರೆ ಅದು ಯಾವ ಯಾವ ಕಾಲಕ್ಕೆ ಯಾವ ತಾಲೂಕಿನಲ್ಲಿತ್ತು ಎಂದು ಹೇಳುವುದು ಒಂದು. ಹೆಸರಿನ ಬೇರೆ ಬೇರೆ ಬರಹಗಳನ್ನು ಜೋಡಿಸುವುದು ಇನ್ನೊಂದು. ಅದಕ್ಕೆ ಬೇಕಾದ ಪಟ್ಟಿ ಯಾವ ಪುಸ್ತಕದಲ್ಲೂ ಇರಲಿಲ್ಲ, ಇಷ್ಟು ವರ್ಷ ಟೈಪು ಮಾಡಿದ ನೆನಪಿನಿಂದ ಬರೆದಳು. ಹಳೆಯ ಹುಡುಕುವ ಟೂಲು ಇನ್ನು ಬರಿಗೈಯಲ್ಲಿ ಬರುವ ಹಾಗಿಲ್ಲ. ಎಲ್ಲೆಲ್ಲಿ ಹುಡುಕಿದೆ, ಯಾವ ಶಾಲೆಯ ರಜಿಸ್ಟರು ಇನ್ನೂ ಏರಿಲ್ಲ ಎಂದು ಹೇಳಲೇಬೇಕು. ಕೊನೆಯದಾಗಿ ಒಂದು ಟೂಲು ಮಾಡಿದಳು. ಅದರ ತಲೆಯ ಮೇಲೆ ಹೀಗೆ ಬರೆದಳು: 'ಸಿಗದಿದ್ದರೆ ಓದಿಲ್ಲ ಎಂದು ಯಾರಿಗೂ ಹೇಳಬೇಡ. ಅವರ ಪ್ರಶ್ನೆಯನ್ನು ಲುಂಬಿನಿಗೆ ಕಳಿಸು.'

ಲಕ್ಷ್ಮಿಕಾಂತ ಅದನ್ನು ನೋಡಿ ತಲೆ ಕೆರೆದುಕೊಂಡ. "ಎಲ್ಲಾ ನಿಮ್ಮ ಕಡೆನೇ ಬಂದ್ರ ಏಜೆಂಟ್ ಯಾಕ ಬೇಕ್ರಿ ಮೇಡಂ? ನಿಮ್ಮ ಕೆಲಸ ಕಡಿಮಿ ಆಗ್ಲಿ ಅಂತಲ್ಲೇನು ತಂದದ್ದು?"

"ಎಲ್ಲಾ ಬರಲ್ರಿ ಸರ್. ಸಿಗಲಾರದ್ದು ಅಷ್ಟೇ ಬರ್ತದ."

"ನೀವು ಮೊದಲೇ ದಣದೀರಿ."

"ಹೌದ್ರಿ, ಭಾಳ ದಣದೀನಿ. ಆದ್ರೂ ಅದು ಇರ್ಲಿ."

ಆ ಟೂಲು ಹಾಗೇ ಉಳಿಯಿತು. ದಿನಕ್ಕೆ ಏಳೆಂಟು ಪ್ರಶ್ನೆಗಳು ಅವಳ ಕಡೆ ಬರತೊಡಗಿದವು. ಮಧ್ಯಾಹ್ನದ ಬಿಡುವು ಹೋಯಿತು. ಡಾಕ್ಟರು ಕುತ್ತಿಗೆಗೆ ಪಟ್ಟಿ ಹಾಕಿದರು.

ಮರುವರ್ಷ ಮತ್ತೆ ಅರ್ಜಿ ಕರೆದಾಗ ಅಂಬಿಕಾ ಮೊದಲ ದಿನವೇ ಹಾಕಿದಳು. ಕೆಲಸ ಸಿಗಲಿಲ್ಲ, ಕಾಯುವವರ ಪಟ್ಟಿಯಲ್ಲಿ ಎರಡನೆಯವಳಾಗಿ ಉಳಿದಳು. ಹಿಂದಿನ ವರ್ಷ ಹಾಕಿದ್ದರೆ ಸಿಗುತ್ತಿತ್ತೋ ಏನೋ ಎಂದು ಲುಂಬಿನಿ ಒಮ್ಮೆ ಫೋನಿನಲ್ಲಿ ಅಂದದ್ದಕ್ಕೆ ಅವಳು, "ಬಿಡ್ರಿ ಅಕ್ಕೋರ, ಯಾರಿಗಿ ಗೊತ್ತು. ಭಾಗಣ್ಣ ಈಗ ತನ್ನ ಮಗಳನ್ನ ಅಭ್ಯಾಸಕ್ಕ ನನ್ನ ಕಡೆನೇ ಕಳಸ್ತಾನ," ಎಂದಳು.

ಮೊನ್ನೆ ಲುಂಬಿನಿ ಚಿಂಚೋಳಿ ದಾಟಿ ಕುಂಚಾವರಂ ಕಡೆ ಹೋಗಿದ್ದಳು. ಅಲ್ಲಿಯ ಒಂದು ಶಾಲೆಯಲ್ಲಿ ಟ್ರಂಕು ತುಂಬ ಹಳೆಯ ರಜಿಸ್ಟರುಗಳಿವೆ ಎಂದು ಮುಖ್ಯೋಪಾಧ್ಯಾಯ ಗುಲಾಮ ದಸ್ತಗೀರ ತಿಳಿಸಿದ್ದರು. ತೆಗೆದು ನೋಡಿದರೆ ಅರ್ಧ ಹೆಸರು ಕನ್ನಡದಲ್ಲಿ, ಅರ್ಧ ತೆಲುಗಿನಲ್ಲಿ. ಹೆಸರುಗಳ ಹೊಸ ಪಟ್ಟಿಯೊಂದನ್ನು ಮೊದಲಿಂದ ಬರೆಯಬೇಕು. ಅವಳು ಕುತ್ತಿಗೆಯ ಪಟ್ಟಿ ಸಡಿಲಿಸಿ, ಪಡಸಾಲೆಯ ನೆಲದ ಮೇಲೆ ಕೂತು, ಮೊದಲ ಪುಟ ತೆರೆದಳು.

"ಚಾ ಕುಡದು ಶುರು ಮಾಡ್ರಿ," ಎಂದರು ದಸ್ತಗೀರ.

"ತರಸ್ರಿ ಸರ್. ಅಷ್ಟರೊಳಗ ಇದೊಂದು ಅಕ್ಷರ ಏನದ ಹೇಳ್ರಿ," ಎಂದಳು ಲುಂಬಿನಿ.