ನೀರು ಕುಡಿದ ಬ್ರೇಕ್ ಆಯಿಲ್

ಎಣ್ಣೆ ಮಿಲ್ಲುಗಳ ಊರಾದ ಚಳ್ಳಕೆರೆಯವರಿಗೆ ಎಣ್ಣೆಯ ವಿಷಯದಲ್ಲಿ ಬುದ್ಧಿ ಹೇಳುವಷ್ಟು ದಂಡದ ಕೆಲಸ ಇನ್ನೊಂದಿಲ್ಲ. ನಾನೂ ಚಳ್ಳಕೆರೆಯವನೇ, ಆದರೆ ಗ್ಯಾರೇಜಿನವನು. ನಮ್ಮ ದೊಡ್ಡಪ್ಪ ಆಯುಷ್ಯವೆಲ್ಲ ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಸವೆಸಿದವರು. ಖಾಲಿಯಾದ ಡಬ್ಬವನ್ನು ಇನ್ನೊಂದು ಡಬ್ಬದ ಮೇಲೆ ಬೋರಲು ಹಾಕಿ ಕಡೆಯ ಹನಿ ಇಳಿಯುವವರೆಗೆ ಕಾಯುವವರು. ಅಷ್ಟಾದ ಮೇಲೂ ಒಳಗೆ ಕೈಯಾಡಿಸಿ ಅಂಗಾಲಿಗೆ ಸವರಿಕೊಳ್ಳುವವರು. ಅಂಥವರ ಮುಂದೆ ನಾನು ಅರ್ಧ ತುಂಬಿದ ಬಾಟಲಿ ಎಸೆಯುತ್ತಿದ್ದೆ. ಅವರ ಹೊಟ್ಟೆ ಉರಿಯದೆ ಇರುತ್ತದೆಯೇ?

ಎಸೆಯುತ್ತಿದ್ದದ್ದು ನನ್ನ ತಂಗಿಯ ರೇಸ್ ಕಾರಿನ ಬ್ರೇಕ್ ಆಯಿಲ್. ಅವಳು ಊರಿನಲ್ಲೇ ಡ್ರೈವಿಂಗ್ ಕಲಿಸುತ್ತಾಳೆ. ಎರಡು ವರ್ಷದಿಂದ ಮಣ್ಣಿನ ಟ್ರ್ಯಾಕಿನ ರೇಸುಗಳಿಗೂ ಹೋಗುತ್ತಿದ್ದಳು. ಹಳೆಯದೊಂದು ಚಿಕ್ಕ ಕಾರಿನ ಸೀಟು ಕಿತ್ತು, ಒಳಗೆ ಕಬ್ಬಿಣದ ಪಂಜರ ಬೆಸೆದು, ಎಂಜಿನ್ ಬಿಚ್ಚಿ ಕಟ್ಟಿ ಅವಳ ಕೈಗೆ ಕೊಟ್ಟವನು ನಾನು.

ರೇಸಿನಲ್ಲಿ ಬ್ರೇಕು ಕೆಂಡದಂತೆ ಕಾಯುತ್ತದೆ. ಆ ಕಾವಿಗೆ ಒಳಗಿನ ಆಯಿಲ್ ಕುದಿಯಕೂಡದು. ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ ಏಳುತ್ತದೆ. ಆಗ ಪೆಡಲ್ ಒತ್ತಿದರೆ ಗುಳ್ಳೆ ಕುಗ್ಗುತ್ತದೆ, ಅಷ್ಟೇ. ಚಕ್ರ ನಿಲ್ಲುವುದಿಲ್ಲ. ಅದಕ್ಕೇ ಬೈಕಿಗೂ ಟೆಂಪೋಗೂ ಹಾಕುವ ಮಾಮೂಲಿ ಆಯಿಲ್ ಬಿಟ್ಟು, ಬಹಳ ಕಾವು ತಡೆಯುವಂಥದ್ದನ್ನು ಬೆಂಗಳೂರಿನಿಂದ ತರಿಸುತ್ತಿದ್ದೆ. ಅದೂ ಸೀಲ್ ಒಡೆಯದ ಸಣ್ಣ ಬಾಟಲಿಗಳಲ್ಲಿ. ಏಕೆಂದರೆ ಅದಕ್ಕೊಂದು ಕೆಟ್ಟ ಚಾಳಿಯಿದೆ. ಮುಚ್ಚಳ ತೆಗೆದಿಟ್ಟರೆ ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆ. ತೇವ ಸೇರಿದಷ್ಟೂ ಬೇಗ ಕುದಿಯುತ್ತದೆ. ಪ್ರತಿ ರೇಸಿಗೂ ಮುಂಚೆ ಹಳೆಯದನ್ನೆಲ್ಲ ಇಳಿಸಿ ಹೊಸದು ತುಂಬಬೇಕು, ಬಾಟಲಿಯಲ್ಲಿ ಉಳಿದದ್ದನ್ನು ಬಿಸಾಡಬೇಕು.

ಇದನ್ನು ದೊಡ್ಡಪ್ಪನಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

"ಲೇ, ಎಣ್ಣೆ ನೀರು ಕುಡಿತೈತೆ ಅಂತ ನನಗೇ ಹೇಳ್ತೀಯಾ?" ಎಂದು ನಗುತ್ತಿದ್ದರು. "ಅದೂ ನಮ್ಮೂರ ಗಾಳಿಯಾಗೆ ತೇವ ಎಲ್ಲೈತಲೇ?"

ಹೋದ ವರ್ಷ ಮೊಳಕಾಲ್ಮೂರಿನ ಕಡೆ, ರಾಂಪುರದ ದಾರಿಯಲ್ಲಿ, ಬಯಲೊಂದರಲ್ಲಿ ರೇಸ್ ಇಟ್ಟಿದ್ದರು. ಹಿಂದಿನ ದಿನ ಬ್ರೇಕ್ ಆಯಿಲ್ ಬದಲಿಸಲು ಕೂತೆವು. ತಂಗಿ ಒಳಗೆ ಕೂತು ಪೆಡಲ್ ತುಳಿಯುತ್ತಿದ್ದಳು. ನಾನು ಚಕ್ರದ ಹತ್ತಿರ ಮಲಗಿ ನಟ್ಟು ಸಡಿಲಿಸಿ ಹಳೆಯದನ್ನು ಇಳಿಸುತ್ತಿದ್ದೆ. ಬಾನೆಟ್ ಪಕ್ಕ ನಿಂತು ಹೊಸದನ್ನು ಹೊಯ್ಯಲು ಒಬ್ಬರು ಬೇಕಿತ್ತು. ದೊಡ್ಡಪ್ಪ ತಾವೇ ಬಂದು ನಿಂತರು. ಮಲಗಿದಲ್ಲಿಂದಲೇ ಕತ್ತೆತ್ತಿ ಅವರ ಕೈಯಲ್ಲಿದ್ದ ಬಾಟಲಿ ನೋಡಿದೆ. ಅದೇ ಬಾಟಲಿ, ಅದೇ ಲೇಬಲ್. ಅಷ್ಟಕ್ಕೇ ಸುಮ್ಮನಾದೆ.

ಮರುದಿನ ಮೂರನೇ ಸುತ್ತಿನವರೆಗೂ ತಂಗಿಯೇ ಮುಂದಿದ್ದಳು. ಇಳಿಜಾರಿನ ಕೊನೆಯಲ್ಲಿ ಎಡಕ್ಕೆ ಒಂದು ಕಡಿದಾದ ತಿರುವು. ಕಾರು ತಿರುಗಲೇ ಇಲ್ಲ. ಗೇರು ಇಳಿಸಿದ ಸದ್ದು ಕೇಳಿಸಿತು, ಹ್ಯಾಂಡ್ ಬ್ರೇಕ್ ಎಳೆದು ಹಿಂಭಾಗ ಜಾರಿದ್ದು ಕಾಣಿಸಿತು. ಆಮೇಲೆ ಧೂಳು. ಕಾರು ಜಾಲಿ ಪೊದೆ ಸೀಳಿಕೊಂಡು ಹೋಗಿ ಹೊಲದ ಬದುವಿಗೆ ಗುದ್ದಿ ನಿಂತಿತ್ತು. ಅವಳ ಬಲಗಾಲಿನ ಪಾದದ ಕೀಲು ಮುರಿದಿತ್ತು.

ಹೊರಗೆ ಎತ್ತಿ ಕೂರಿಸಿದಾಗ ಅವಳು ಹೇಳಿದ್ದು ಒಂದೇ ಮಾತು. "ಬ್ರೇಕ್ ಹಿಡೀಲಿಲ್ಲ ಅಣ್ಣ. ಪೆಡಲ್ ನೆಲಕ್ಕೆ ಹೋತು."

ಆಂಬುಲೆನ್ಸ್ ಕಲ್ಲುಮಣ್ಣಿನ ದಾರಿಯಲ್ಲಿ ನಿಧಾನಕ್ಕೆ ಬರುತ್ತಿತ್ತು. ಅಷ್ಟರಲ್ಲಿ ಕಾರು ತಪಾಸಣೆ ಮಾಡುವವನು ಬಂದು ಪೆಡಲ್ ಒತ್ತಿದ. ಪೆಡಲ್ ಕಲ್ಲಿನ ಹಾಗೆ ಗಟ್ಟಿ. ಇನ್ನೊಮ್ಮೆ ಒತ್ತಿದ. "ಬ್ರೇಕ್ ಚೆನ್ನಾಗೇ ಐತಲ್ಲಮ್ಮ" ಎಂದ. ಸುತ್ತ ನಿಂತವರಿಗೆ ಅಷ್ಟು ಸಾಕಾಯಿತು. ಕ್ಲಚ್ ಯಾವುದು ಬ್ರೇಕ್ ಯಾವುದು ಗೊತ್ತಿಲ್ಲದವರೆಲ್ಲ ಪಂಡಿತರಾದರು. ಹೆದರಿ ಆಕ್ಸಿಲೇಟರ್ ಒತ್ತಿರಬೇಕು ಎಂದ ಒಬ್ಬ. ಹೆಣ್ಣುಮಕ್ಕಳಿಗೆ ಯಾಕೆ ಬೇಕು ಇವೆಲ್ಲ ಎಂದ ಇನ್ನೊಬ್ಬ, ಕಾಲು ಮುರಿದು ಕೂತವಳ ಎದುರಿಗೇ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಮಾತು ನಮಗಿಂತ ಮುಂಚೆ ಚಳ್ಳಕೆರೆ ಮುಟ್ಟಿತ್ತು. ಅವಳ ಹತ್ತಿರ ಡ್ರೈವಿಂಗ್ ಕಲಿಯುತ್ತಿದ್ದವರು ಒಬ್ಬೊಬ್ಬರೇ ನಿಂತುಹೋದರು. ಕಾಲು ಸರಿಹೋಗಲಿ ಎಂದು ಬಾಯಲ್ಲಿ ಹೇಳಿ, ಪಕ್ಕದ ಬೀದಿಯ ಡ್ರೈವಿಂಗ್ ಸ್ಕೂಲಿಗೆ ಸೇರಿಕೊಂಡರು. ಬ್ರೇಕ್ ಯಾವುದೆಂದು ಗೊತ್ತಿಲ್ಲದವಳು ಎಂದು ಆಡಿಕೊಂಡರು. ಊರಿನ ಅರ್ಧ ಜನಕ್ಕೆ ಬ್ರೇಕ್ ಒತ್ತುವುದನ್ನು ಕಲಿಸಿದ್ದೇ ಅವಳು!

ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ದೊಡ್ಡಪ್ಪ ಗ್ಯಾರೇಜಿಗೆ ಬಂದು ಟವೆಲಿನ ಗಂಟು ಬಿಚ್ಚಿದರು. ಒಳಗೆ ಆ ರೇಸಿಗೆಂದು ನಾನು ತರಿಸಿದ್ದ ಮೂರು ಹೊಸ ಬಾಟಲಿ, ಸೀಲ್ ಸಹಿತ.

"ನೋಡಲೇ, ಒಂದೂ ಒಡೆದಿಲ್ಲ. ಹಂಗೇ ಐತೆ."

ಒಂದು ಬಾಟಲಿ ಎತ್ತಿ ಸೀಲ್ ತಿರುಗಿಸಿ ನೋಡಿದೆ. "ಅವತ್ತು ಹೊಯ್ದಿದ್ದು ಯಾವುದು ದೊಡ್ಡಪ್ಪ?"

"ನೀನು ಬಿಸಾಕಿದ್ದು. ಎಲ್ಲಾ ಎತ್ತಿಟ್ಟಿದ್ದೆ. ಮಡ್ಡಿ ತಳಕ್ಕೆ ಇಳಿಸಿ, ಮೇಲಿನ ತಿಳಿ ಬಸಿದು ಹಾಕಿದೆ. ಮಿಲ್ಲಾಗೂ ಹಳೇ ಮಾಲು ಮೊದಲು ಖಾಲಿ ಮಾಡ್ಬೇಕು, ಆಮೇಲೆ ಹೊಸದು."

ಎಲ್ಲಿ ಇಟ್ಟಿದ್ದಿರಿ ಎಂದೆ. ಬಚ್ಚಲುಮನೆ ಗೂಡಿನಲ್ಲಂತೆ, ತಲೆಗೆ ಹಚ್ಚುವ ಎಣ್ಣೆಯ ಪಕ್ಕ. ಮುಚ್ಚಳ ಸಿಗದ ಬಾಟಲಿಗಳ ಬಾಯಿಗೆ ಬಟ್ಟೆ ಕಟ್ಟಿದ್ದರಂತೆ. ದಿನಾ ಬೆಳಿಗ್ಗೆ ಹಂಡೆಯ ನೀರು ಕಾಯುವ ಜಾಗ. ಐದು ತಿಂಗಳು ಆ ಹಬೆಯನ್ನೆಲ್ಲ ಕುಡಿದು ಕೂತಿತ್ತು ಅದು.

ಕಾರಿನಿಂದ ಒಂದಿಷ್ಟು ಆಯಿಲ್ ಇಳಿಸಿ ಬಾಗಿಲ ಹೊರಗೆ ಒಲೆಯ ಮೇಲಿಟ್ಟೆ. ಪಕ್ಕದ ಒಲೆಯ ಮೇಲೆ ಅಷ್ಟೇ ಹೊಸದು. ಹೊಸದು ಮಿಸುಕದೆ ಕೂತಿರುವಾಗಲೇ ಇದು ಗುಳುಗುಳು ಎಂದು ಗುಳ್ಳೆ ಎಬ್ಬಿಸಿತು. ಒಲೆ ಆರಿಸಿದೆ. ತಣಿಯುತ್ತಿದ್ದಂತೆ ಗುಳ್ಳೆಗಳು ಮಾಯವಾಗಿ ಮೊದಲಿನಂತೆ ತಿಳಿಯಾಯಿತು. ಆ ಬಯಲಿನಲ್ಲೂ ಆದದ್ದು ಇದೇ. ಜನ ಬಂದು ಒತ್ತಿ ನೋಡುವಷ್ಟರಲ್ಲಿ ಬ್ರೇಕ್ ತಣಿದು ಗಟ್ಟಿಯಾಗಿತ್ತು. ದೊಡ್ಡಪ್ಪ ಬಗ್ಗಿ ನೋಡಿದರು, ಬೆರಳಿಗೆ ತಾಗಿಸಿ ಉಜ್ಜಿದರು, ಮೂಸಿದರು. ಆಮೇಲೆ ಟವೆಲ್ ಬಾಯಿಗೆ ಒತ್ತಿಕೊಂಡು ಅಲ್ಲೇ ಕುಸಿದು ಕೂತರು. ಅವರನ್ನು ಬಯ್ಯುವುದು ಹೇಗೆ? ಬಾಟಲಿಯ ಸೀಲ್ ನಾನೇ ನೋಡಿ ಕೊಡಬೇಕಿತ್ತು. ಮೆಕ್ಯಾನಿಕ್ ನಾನು, ಅವರಲ್ಲ.

ಆದರೂ ಮನೆಗೆ ಓಡಿದ್ದು ಗೆದ್ದವನ ಹಾಗೆಯೇ. ತಂಗಿ ಪಟ್ಟಿ ಕಟ್ಟಿದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಅವ್ವನ ಜೊತೆ ಅವರೆಕಾಯಿ ಬಿಡಿಸುತ್ತಿದ್ದಳು. ಒಂದೇ ಉಸಿರಿಗೆ ಎಲ್ಲ ಹೇಳಿದೆ. ಆ ತಪಾಸಣೆಯವನನ್ನು ಕರೆಸುತ್ತೇನೆ, ಆಡಿಕೊಂಡವರೆಲ್ಲರ ಮುಂದೆ ಕುದಿಸಿ ತೋರಿಸುತ್ತೇನೆ ಎಂದು ಕೂಗಾಡಿದೆ. "ನಿನ್ನದೇನೂ ತಪ್ಪಿಲ್ಲ ಕಣೇ!"

ಅವಳು ಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಅದು ನನಗೆ ಅವತ್ತೇ ಗೊತ್ತಿತ್ತಲ್ಲ ಅಣ್ಣ" ಎಂದಳು. "ಆ ತಪಾಸಣೆಯವ್ನು ಅತ್ಲಾಗೆ ಹೋದ್ಮೇಲೆ ನೀನೂ ಹೋಗಿ ಪೆಡಲ್ ಒತ್ತಿ ನೋಡ್ದೆ. ಆಮೇಲೆ ಬಂದು, ಸರಿಯಾಗಿ ಒತ್ತಿದ್ಯೇನೇ ಅಂತ ಕೇಳ್ದೆ. ಬೇರೆಯವ್ರು ಏನಾರ ಅಂದ್ಕಳ್ಳಿ. ನೀನ್ಯಾಕ್ ಕೇಳ್ದೆ?"