ಸಮೀಕ್ಷೆಯ ಹಾಳೆಗಳಿಗೆ ಇಸ್ತ್ರಿ

ಕೊರೋನಾದ ಎರಡನೇ ಅಲೆಯ ಆ ಬೇಸಿಗೆಯಲ್ಲಿ ನಾನು ಸೀರೆಗಳಿಗಿಂತ ಹೆಚ್ಚಾಗಿ ಕಾಗದಗಳಿಗೆ ಇಸ್ತ್ರಿ ಮಾಡಿದೆ.

ನಮ್ಮ ಯಜಮಾನರು ಸರ್ಕಾರಿ ಶಾಲೆಯ ಮೇಷ್ಟ್ರು. ಚಿಂತಾಮಣಿಯಲ್ಲಿ ನಮ್ಮ ಬಾಡಿಗೆ ಮನೆ, ಮುರುಗಮಲ್ಲದ ರಸ್ತೆಯಲ್ಲಿ ಅವರ ಶಾಲೆಯ ಹಳ್ಳಿ. ಶಾಲೆಗೆ ಬೀಗ ಬಿದ್ದು ಎಷ್ಟೋ ದಿನವಾಗಿತ್ತು. ಮೇಷ್ಟ್ರಿಗೆ ಮಾತ್ರ ಪುರುಸೊತ್ತಿರಲಿಲ್ಲ. ಬೆಳಿಗ್ಗೆ ಫೋನಿನಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಸಬೇಕು, ಬಿಸಿಯೂಟದ ಅಕ್ಕಿ ಬೇಳೆಯನ್ನು ಮನೆಮನೆಗೆ ಮುಟ್ಟಿಸಬೇಕು, ಆಮೇಲೆ ಆಶಾ ಕಾರ್ಯಕರ್ತೆಯ ಜೊತೆ ಬೀದಿಬೀದಿ ಸುತ್ತಿ ಸಮೀಕ್ಷೆ ಮಾಡಬೇಕು. ಯಾರಿಗೆ ಜ್ವರ, ಯಾರಿಗೆ ಕೆಮ್ಮು, ಅರವತ್ತು ದಾಟಿದವರು ಯಾರು, ಸಕ್ಕರೆ ಕಾಯಿಲೆ ಯಾರಿಗಿದೆ ಎಂದೆಲ್ಲ ಬರೆದುಕೊಂಡು ಮನೆಯ ಯಜಮಾನನ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಿಕೊಂಡು ಬರಬೇಕು. ಇವರಿಗೇ ಸಕ್ಕರೆ ಕಾಯಿಲೆ ಇತ್ತು. ಆ ಕಾಲಮ್ಮಿನಲ್ಲಿ ಇವರ ಹೆಸರು ಬರೆಯುವವರು ಯಾರೂ ಇರಲಿಲ್ಲ.

ಶಾಲೆಯವರ ವಾಟ್ಸಾಪ್ ಗುಂಪು ದಿನವಿಡೀ ಕಿಣಿಕಿಣಿ ಅನ್ನುತ್ತಿತ್ತು. 'ಇಂದು ಸಂಜೆ ಐದರೊಳಗೆ ವರದಿ ಕಳುಹಿಸುವುದು' ಅಂತ ಒಂದು ಬರುತ್ತಿತ್ತು. ಅದರ ಕೆಳಗೆ, ತಾಲ್ಲೂಕಿನ ಯಾವುದೋ ಶಾಲೆಯ ಯಾರೋ ಮೇಷ್ಟ್ರ ಫೋಟೋ, ಹಾರ ಹಾಕಿದ್ದು. ಅದಕ್ಕೆ ಸಾಲಾಗಿ 'ಓಂ ಶಾಂತಿ'. ಅದರ ಕೆಳಗೆ ಮತ್ತೆ, 'ಇನ್ನೂ ವರದಿ ಕಳುಹಿಸದವರು ತಕ್ಷಣ ಕಳುಹಿಸುವುದು.' ನಾನು ಫೋಟೋಗಳನ್ನು ದೊಡ್ಡದು ಮಾಡಿ ನೋಡುತ್ತಿದ್ದೆ. ಒಬ್ಬರ ಜೇಬಿನಲ್ಲಿ ಎರಡು ಪೆನ್ನು ಕಾಣುತ್ತಿದ್ದವು, ಒಂದು ಕೆಂಪು, ಒಂದು ನೀಲಿ. ಇವರ ಜೇಬಿನಲ್ಲಿಯೂ ಹಾಗೆಯೇ.

ಇಸ್ತ್ರಿಯ ಯೋಚನೆ ನನಗೆ ಬಂದದ್ದು ತವರಿನಿಂದ. ನನ್ನ ತವರು ಶಿಡ್ಲಘಟ್ಟ. ಅಲ್ಲಿ ರೇಷ್ಮೆ ಗೂಡಿನೊಳಗಿನ ಹುಳುವನ್ನು ಕೊಲ್ಲುವುದು ಬಿಸಿಯಿಂದಲೇ. ಗೂಡಿಗೆ ಏನೂ ಆಗದ ಹಾಗೆ ಒಳಗಿನ ಜೀವ ಮಾತ್ರ ಹೋಗುತ್ತದೆ. ಕಾಗದಕ್ಕೂ ಅದೇ ಸರಿ ಅನ್ನಿಸಿತು. ಇವರು ಸಂಜೆ ಬಂದು ಬ್ಯಾಗನ್ನು ಜಗಲಿಯ ಕಲ್ಲಿನ ಮೇಲಿಟ್ಟು ನೇರವಾಗಿ ಬಚ್ಚಲಿಗೆ ಹೋಗುತ್ತಿದ್ದರು. ನಾನು ಮಾಸ್ಕ್ ಹಾಕಿಕೊಂಡು, ಹಾಳೆಗಳನ್ನು ಚಿಮಟದಲ್ಲಿ ಹಿಡಿದು, ಹಳೆಯ ಪಂಚೆಯ ಮೇಲೆ ಹರಡಿ, ಒಂದೊಂದಕ್ಕೂ ಎರಡೂ ಕಡೆ ಇಸ್ತ್ರಿ ಹಾಕುತ್ತಿದ್ದೆ. ಆಮೇಲೆ ಮೇಜಿನ ಮುಂದೆ ಕೂತು ಲೆಕ್ಕಪಟ್ಟಿಯ ಸಾಫು ಪ್ರತಿ ಬರೆದುಕೊಡುತ್ತಿದ್ದವಳೂ ನಾನೇ. ಚಿಕ್ಕಬಳ್ಳಾಪುರದ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಗೆಣ್ಣಿಗೆ ಸ್ಕೇಲಿನಿಂದ ತಟ್ಟಿ ಕಲಿಸಿದ ಕೈಬರಹ ಅಷ್ಟು ವರ್ಷಗಳ ಮೇಲೆ ಕೆಲಸಕ್ಕೆ ಬಂದಿತ್ತು.

ಅತ್ತೆಗೆ ಉಬ್ಬಸ. ಅವರು ನಡುಮನೆಯ ಮಂಚದ ಮೇಲಿಂದಲೇ ಇದನ್ನೆಲ್ಲ ನೋಡುತ್ತಿದ್ದರು.

"ಕಾಗದಕ್ಕೆ ಇಸ್ತ್ರಿ ಮಾಡೋ ಸೊಸೇನ ನಮ್ಮ ವಂಶದಲ್ಲೇ ಯಾರೂ ಕಂಡಿಲ್ಲಮ್ಮ. ನನ್ನ ಸೀರೆ ಮುದುರಿ ಮುದ್ದೆ ಆಗಿದೆ, ಅದು ಕಣ್ಣಿಗೆ ಬೀಳಲ್ಲ."

"ನಿಮಗೋಸ್ಕರಾನೇ ಅತ್ತೆ ಮಾಡ್ತಿರೋದು."

"ಸರಿ, ಮಾಡು ಮಾಡು. ಹಂಗೇ ನಿನ್ನ ಗಂಡನ್ನೂ ಮಡಿಚಿ ಒಂದು ಸಲ ಇಸ್ತ್ರಿ ಹಾಕ್ಬಿಡು."

ಅವರು ನಕ್ಕರೆ ಉಬ್ಬಸ ಏಳುತ್ತಿತ್ತು. ನಗಿಸಬಾರದೆಂದು ನಾನು ಬಾಯಿ ಮುಚ್ಚಿಕೊಳ್ಳುತ್ತಿದ್ದೆ.

ಆ ದಿನ ಮಧ್ಯಾಹ್ನದಿಂದ ಕರೆಂಟಿರಲಿಲ್ಲ. ಟ್ರಾನ್ಸ್‌ಫಾರ್ಮರ್ ಸುಟ್ಟಿದೆಯಂತೆ, ಯಾವಾಗ ಬರುತ್ತದೋ ಗೊತ್ತಿಲ್ಲ ಅಂದರು. ಇವರು ನಾಲ್ಕೂವರೆಗೆ ಬಂದು ಬ್ಯಾಗಿಟ್ಟು, "ನಾಳೆ ಹತ್ತು ಗಂಟೆಗೆ ಇವನ್ನ ಒಪ್ಪಿಸಬೇಕು ಕಣೇ. ಒಂದು ಇಡೀ ಬೀದಿ ಮುಗಿಸಿದೀವಿ" ಅಂದು ಒಳಗೆ ಹೋದರು. ಇಸ್ತ್ರಿಪೆಟ್ಟಿಗೆ ತಣ್ಣಗೆ ಕೂತಿತ್ತು. ಹಾಳೆಗಳು ರಾತ್ರಿಯೆಲ್ಲ ಮನೆಯಲ್ಲಿ ಹಾಗೆಯೇ ಇರುವುದು, ಪಕ್ಕದಲ್ಲಿ ಅತ್ತೆ ಉಸಿರಾಡುವುದು, ಇದು ನನಗೆ ಸರಿಬರಲಿಲ್ಲ. ಸ್ಯಾನಿಟೈಸರ್ ಬಾಟಲಿ ತೆಗೆದುಕೊಂಡು ಮಹಡಿಗೆ ಹೋದೆ. ಬಟ್ಟೆ ಒಣಗಿಸುವ ತಂತಿಗೆ ಹಾಳೆಗಳನ್ನು ಕ್ಲಿಪ್ಪಿನಿಂದ ಸಿಕ್ಕಿಸಿ, ಒಂದನ್ನೂ ಬಿಡದೆ ಎರಡೂ ಕಡೆ ತೊಯ್ಯುವಷ್ಟು ಹೊಡೆದೆ. ಇನ್ನೂ ಬಿಸಿಲಿತ್ತು, ಒಣಗುತ್ತವೆ ಅಂದುಕೊಂಡು ಕಾಫಿ ಮಾಡಲು ಇಳಿದುಬಂದೆ.

ಅರ್ಧ ಗಂಟೆಯ ಮೇಲೆ ನಾಲ್ಕು ಹನಿ ಮಳೆ ಬಿದ್ದ ಸದ್ದಾಯಿತು. ಓಡಿದೆ. ಮಳೆ ಆಗಲೇ ನಿಂತಿತ್ತು, ನೆಲ ಪೂರ್ತಿ ನೆನೆದೂ ಇರಲಿಲ್ಲ. ಆದರೆ ಹಾಳೆಗಳು ನೀಲಿಯಾಗಿದ್ದವು. ಬಾಲ್‌ಪೆನ್ನಿನ ಅಕ್ಷರಗಳು ಕರಗಿ ಕೆಳಕ್ಕೆ ಇಳಿದಿದ್ದವು. ಹೆಬ್ಬೆಟ್ಟುಗಳು ಒಂದೊಂದೂ ಹುಣ್ಣಿನ ಹಾಗೆ ಹರಡಿಕೊಂಡಿದ್ದವು. ಒಂದು ಹಾಳೆಯಲ್ಲಿ 'ಕೆಮ್ಮು' ಎಂಬ ಅಚ್ಚಾದ ಅಕ್ಷರ ಮಾತ್ರ ಉಳಿದಿತ್ತು. ಅದರ ಮುಂದೆ ಹೌದೋ ಇಲ್ಲವೋ ತಿಳಿಯುವಂತಿರಲಿಲ್ಲ.

ಕೆಳಗೆ ಇವರ ಫೋನು ಹೊಡೆದುಕೊಂಡಿತು. ಹೆಡ್ ಮೇಡಂ. ಸ್ಪೀಕರಿನಲ್ಲಿದ್ದ ಅವರ ದನಿ ಮೆಟ್ಟಿಲವರೆಗೂ ಕೇಳಿಸಿತು.

"ಮೇಷ್ಟ್ರೇ, ನೀವಿವತ್ತು ಹೋಗಿದ್ರಲ್ಲ ಆ ಬೀದಿ, ಅಲ್ಲಿಗೆ ಆಂಬುಲೆನ್ಸ್ ಬಂದಿದೆ. ಒಬ್ಬನ್ನ ಕರ್ಕೊಂಡು ಹೋದ್ರಂತೆ. ಗಳ ಕಟ್ಟಿ ಬೀದಿ ಮುಚ್ತಿದಾರೆ. ನಿಮ್ಮ ಶೀಟು ರೆಡಿ ಇದೆ ತಾನೆ? ಮೊದಲು ಅದನ್ನೇ ಕೇಳ್ತಾರೆ."

"ರೆಡಿ ಇದೆ ಮೇಡಂ."

"ಪುಣ್ಯ ಬಂತು. ಇಲ್ದಿದ್ರೆ ಮತ್ತೆ ಅಲ್ಲಿಗೇ ಕಳಿಸ್ಬೇಕಾಗಿತ್ತು. ನಾನೇನು ಮಾಡ್ಲಿ ಹೇಳಿ, ಮೇಲಿಂದ ಕೇಳ್ತಾನೇ ಇರ್ತಾರೆ. ಬೆಳಿಗ್ಗೆಯಿಂದ ಒಂದು ತುತ್ತು ಅನ್ನ ತಿಂದಿಲ್ಲ ನಾನು." ಕೊನೆಯ ಮಾತಿಗೆ ಅವರು ಅಳುತ್ತಿದ್ದರು.

ನಾನು ಮೆಟ್ಟಿಲ ಮೇಲೆ ಹಾಳೆಗಳನ್ನು ಹಿಡಿದು ನಿಂತಿದ್ದೆ. ಇವರು ತಿರುಗಿ ನೋಡಿದರು.

"ಮಳೆ ಬಂತು ರೀ. ಬಿಸಿಲಿಗೆ ಹಾಕಿದ್ದೆ, ಮಳೆ ಬಂದುಬಿಡ್ತು" ಅಂದೆ.

ಯಾಕೆ ಸುಳ್ಳು ಹೇಳಿದೆನೋ. ಬೈಯುವ ಮನುಷ್ಯನಲ್ಲ ಅವರು. ಅವರನ್ನು ಕಾಪಾಡಲು ಹೋಗಿ ನಾನೇ ಅವರನ್ನು ಆ ಗಳ ಕಟ್ಟಿದ ಬೀದಿಗೆ ವಾಪಸ್ಸು ಕಳಿಸುತ್ತಿದ್ದೇನೆ ಎಂಬ ಮಾತು ನನ್ನ ಬಾಯಿಂದ ಹೊರಡಲಿಲ್ಲ, ಅಷ್ಟೆ. ಅವರು ಒಂದು ಹಾಳೆ ಈಸಿಕೊಂಡು ಮುಖದ ಹತ್ತಿರ ತಂದು ನೋಡಿದರು. "ಬಿಡು, ಏನು ಮಾಡಕ್ಕಾಗತ್ತೆ" ಅಂದರು. ಉತ್ತರಗಳಲ್ಲಿ ಸುಮಾರಷ್ಟು ಅವರಿಗೆ ನೆನಪಿದ್ದವು. ಸಾಫು ಪ್ರತಿ ನಾನೇ ಬರೆದುಕೊಡಬಹುದಿತ್ತು. ಆದರೆ ಹೆಬ್ಬೆಟ್ಟುಗಳನ್ನು ಎಲ್ಲಿಂದ ತರುವುದು?

ಬೆಳಿಗ್ಗೆ ಏಳಕ್ಕೇ ಹೊರಟರು. ಅವರಿಗೆ ಎರಡು ಮಾಸ್ಕ್ ಹಾಕಿದೆ, ಸಕ್ಕರೆ ಇಳಿದು ತಲೆ ಸುತ್ತಿದರೆ ಇರಲಿ ಎಂದು ಜೇಬಿಗೆ ಬೆಲ್ಲದ ಚೂರು ಹಾಕಿದೆ. ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ ನಾನು ದೇವರ ಮುಂದೆ ಕೂತೆ. ವೆಂಕಟರಮಣನ ಹೆಸರು ಹೇಳುತ್ತ ಹೇಳುತ್ತ ಕಾನ್ವೆಂಟಿನ ಬೆಳಗಿನ ಪ್ರಾರ್ಥನೆಯೂ ತಾನಾಗಿ ಬಾಯಿಗೆ ಬಂತು. ತಡೆಯಲಿಲ್ಲ. ಯಾರಾದರೂ ಕೇಳಿಸಿಕೊಳ್ಳಲಿ.

ಮಧ್ಯಾಹ್ನ ಒಂದಾದರೂ ಬರಲಿಲ್ಲ. ಬಂದಾಗ ಅವರ ಅಂಗಿಯ ಬೆನ್ನು ಪೂರ್ತಿ ಒದ್ದೆ. ಅಂಗಳದಲ್ಲೇ ನಿಂತು, ಅತ್ತೆಗೂ ಕೇಳಲಿ ಅಂತ ಗಟ್ಟಿಯಾಗಿ, ನಗುತ್ತಾ ಹೇಳಿದರು:

"ಒಂದು ಅಜ್ಜಿ ಇದೆ ಕಣೇ, ಬಾಗಿಲು ತೆಗೆದು 'ಮಳ್ಳೀ ಎಂದುಕು ಸಾರೂ? ಮತ್ತೆ ಯಾಕೆ ಬಂದ್ರಿ? ನಿನ್ನೆ ಹಾಕಿದ ಹೆಬ್ಬೆಟ್ಟು ಏನಾಯ್ತು, ತಿಂದ್ಬಿಟ್ರಾ?' ಅಂತು. ನಾನು ಹೂಂ ಅಜ್ಜಿ, ಹಸಿವಾಗಿತ್ತು ಅಂದೆ. ಒಂದೇ ಸಮ ಬೈಕೊಂಡು ಹೆಬ್ಬೆಟ್ಟು ಹಾಕ್ತು. ಪಾಪ, ಕೈ ನಡುಗತ್ತೆ. ನಾನೇ ಹಿಡ್ಕೊಂಡು ಒತ್ತಿಸ್ದೆ."

"ಕೈ ಹಿಡ್ಕೊಂಡ್ರಾ?"

"ಹಿಡೀದೆ? ಹಾಳೆ ತುಂಬಾ ಗೀಚಿಬಿಡ್ತಿತ್ತು."

"ಮೈ ಬಿಸಿ ಇತ್ತಾ?"

ಅವರು ನಗು ನಿಲ್ಲಿಸಿದರು. "ಬಿಸಿಲಲ್ಲಿ ಎಲ್ಲರ ಮೈನೂ ಬಿಸಿ ಇರತ್ತೆ ಕಣೇ" ಅಂದರು.

ಅಂದಿನಿಂದ ಅವರು ಮಹಡಿಯ ಮೇಲಿನ ಒಂಟಿ ಕೋಣೆ ಸೇರಿದರು, ಅತ್ತೆಯ ಸಲುವಾಗಿ. ಬಾಗಿಲ ಮುಂದೆಯೇ ಆ ತಂತಿ. ಕ್ಲಿಪ್ಪುಗಳು ಅದರ ಮೇಲೆ ಸಾಲಾಗಿ ಹಾಗೆಯೇ ಇದ್ದವು, ಎರಡಕ್ಕೆ ನೀಲಿ ಅಂಟಿತ್ತು. ನಾನು ತಟ್ಟೆಯನ್ನು ಸ್ಟೂಲಿನ ಮೇಲಿಟ್ಟು ಹತ್ತು ಹೆಜ್ಜೆ ಹಿಂದೆ ಬಂದು ಕೂರುತ್ತಿದ್ದೆ. ದಿನಾ ಬೆಳಿಗ್ಗೆ ಒಂದು ಲೋಟದಲ್ಲಿ ಕಾಫಿಪುಡಿಯನ್ನಷ್ಟೇ ಹಾಕಿ ಇಡುತ್ತಿದ್ದೆ.

"ವಾಸನೆ ಬರ್ತಿದ್ಯಾ ರೀ?"

"ಬರ್ತಿದೆ. ಪುಡಿ ಮಾತ್ರ ಕೊಡ್ತೀಯಲ್ಲ, ಕಾಫಿ ಎಲ್ಲಿ?"

ಐದು ದಿನ ಹೀಗೆ ಆಯಿತು. ಆ ಐದು ದಿನ ಇವರು ಆ ಕೋಣೆಯಿಂದಲೇ ಫೋನಿನಲ್ಲಿ ಮಕ್ಕಳಿಗೆ ಪಾಠ ಹೇಳಿದರು, ವರದಿ ಕಳಿಸಿದರು. ಏಳರ ಮಗ್ಗಿ ಹೇಳಿಸುವಾಗ ನಡುವೆ ಒಮ್ಮೆ ಕೆಮ್ಮಿದರು. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದ ನನಗೆ ಎಣ್ಣೆಯ ಚಟಪಟದ ನಡುವೆಯೂ ಅದು ಕೇಳಿಸಿತು. ಅತ್ತೆಗೂ ಕೇಳಿಸಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಆರನೇ ದಿನ ಅವರು ಲೋಟವನ್ನು ಮೂಗಿನ ಹತ್ತಿರ ಬಹಳ ಹೊತ್ತು ಹಿಡಿದಿದ್ದರು.

"ಬರ್ತಿಲ್ಲ ಕಣೇ" ಅಂದರು.

ಪರೀಕ್ಷೆ ಆಯಿತು, ಇದೆ ಅಂತ ಬಂತು. ಡಾಕ್ಟರು ಫೋನಿನಲ್ಲೇ ಮಾತ್ರೆ ಹೇಳಿದರು. ಬೆರಳಿಗೆ ಸಿಕ್ಕಿಸುವ ಆಕ್ಸಿಜನ್ ಮೀಟರನ್ನು ಆಶಾ ಕಾರ್ಯಕರ್ತೆ ಗೇಟಿಗೆ ತಗುಲಿಸಿ ಹೋದಳು. ತೊಂಬತ್ತಾರು, ತೊಂಬತ್ತೈದು, ಆಮೇಲೆ ಎರಡು ದಿನ ತೊಂಬತ್ತೆರಡು. ಚಿಕ್ಕಬಳ್ಳಾಪುರದಲ್ಲಿ ಬೆಡ್ ಇಲ್ಲ, ಕೋಲಾರದಲ್ಲಿ ಕೇಳಿ ಅಂದರು. ಕೋಲಾರದವರು ಫೋನೇ ಎತ್ತಲಿಲ್ಲ. ಇವರನ್ನು ಬೋರಲು ಮಲಗಿಸಿ ನಾನು ಬಾಗಿಲ ಹೊರಗೆ ಕೂತು, ಅಂಗಿಯ ಬೆನ್ನು ಏಳುವುದನ್ನೂ ಇಳಿಯುವುದನ್ನೂ ನೋಡುತ್ತಿದ್ದೆ. ಇಳಿದದ್ದು ಮತ್ತೆ ಏಳುವವರೆಗೆ ನನ್ನ ಉಸಿರೂ ನಿಂತಿರುತ್ತಿತ್ತು. ಗುಂಪಿನಲ್ಲಿ ಇವರ ಫೋಟೋ ಬರುತ್ತದೆ, ಯಾವ ಫೋಟೋ ಹಾಕುತ್ತಾರೋ, ಎರಡು ಪೆನ್ನು ಇರುವುದೇ ಇರಬೇಕು ಎಂದೆಲ್ಲ ಯೋಚನೆ ಬಂದು ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ತೊಂಬತ್ತೆರಡು ತೋರಿಸಿದ ಎರಡನೆಯ ದಿನದ ಮಧ್ಯಾಹ್ನ ತಡೆಯಲಾಗಲಿಲ್ಲ.

"ರೀ, ನಾನೊಂದು ಹೇಳ್ಬೇಕು. ಅವತ್ತು ಹಾಳೆ ಹಾಳಾಗಿದ್ದು ಮಳೆಯಿಂದ ಅಲ್ಲ. ನಾನೇ ಸ್ಯಾನಿಟೈಸರ್ ಹೊಡೆದೆ. ನನ್ನಿಂದಾನೇ ನೀವು ಎರಡನೇ ಸಲ ಹೋಗಿದ್ದು."

ಅವರು ಮುಖ ಈ ಕಡೆ ಹೊರಳಿಸಿದರು. ಒಂದೊಂದೇ ಮಾತಿಗೆ ಉಸಿರು ಎಳೆದುಕೊಂಡು, "ಗೊತ್ತಿತ್ತು" ಅಂದರು. "ಮಳೇಲಿ ನೆಂದ ಕಾಗದ ಆಸ್ಪತ್ರೆ ವಾಸನೆ ಬರತ್ತಾ?"

"ಗೊತ್ತಿದ್ದೂ ಸುಮ್ನಿದ್ರಾ?"

"ಅವಾಗ ಮೂಗು ಸರಿ ಇತ್ತಲ್ಲ." ನಗಲು ಹೋಗಿ ಕೆಮ್ಮಿದರು. "ಮೇಡಂಗೆ ನಾನೇ ಚರಂಡೀಲಿ ಬೀಳಿಸ್ದೆ ಅಂತ ಹೇಳಿದೀನಿ. ಸಿಕ್ಕಿದರೆ ನೀನೂ ಹಂಗೇ ಹೇಳು, ಮಾತು ಬೇರೆ ಆಗ್ಬಾರ್ದು."

ಹತ್ತು ಹೆಜ್ಜೆ ದೂರದಲ್ಲಿ ಕೂತು ಅತ್ತುಬಿಟ್ಟೆ. ಸೆರಗನ್ನು ಬಾಯಿಗೆ ಒತ್ತಿಕೊಂಡೆ, ಕೆಳಗೆ ಅತ್ತೆಗೆ ಕೇಳಿಸಬಾರದೆಂದು.

ಮಾರನೆಯ ದಿನ ತೊಂಬತ್ತಮೂರು. ಅದರಾಚೆ ತೊಂಬತ್ತೈದು. ಮೀಟರಿನ ಆ ಕೆಂಪು ಅಂಕಿಗಳನ್ನು ನಾನು ನಂಬಲೇ ಇಲ್ಲ. ನನ್ನ ಬೆರಳಿಗೂ ಹಾಕಿ ನೋಡಿ, ಮತ್ತೆ ಅವರದಕ್ಕೆ ಹಾಕಿಸುತ್ತಿದ್ದೆ. ಇವರು ಕೆಳಗಿಳಿದು ಬಂದಾಗ ಅಂಗಿಯ ಕತ್ತಿನ ಪಟ್ಟಿಯಲ್ಲಿ ಎರಡು ಬೆರಳು ಹೋಗುವಷ್ಟು ಜಾಗವಿತ್ತು. ರೋಗ ಎಲ್ಲಿಂದ ಬಂತು ಅಂದರೆ, ಟೌನಿನಲ್ಲಿ ಮೀಟಿಂಗಿಗೆ ಅಂತ ಒಂದೇ ಕೋಣೆಯಲ್ಲಿ ಕೂರಿಸಿದ್ದರಲ್ಲ, ಅಲ್ಲಿಂದ ಅನ್ನುತ್ತಾರೆ, ಇವತ್ತಿಗೂ. ಇರಬಹುದು. ಆ ಅಜ್ಜಿಯ ಬಿಸಿಯಾದ ಕೈ ನನ್ನ ಕೈಯೊಳಗೇ ಇದ್ದ ಹಾಗೆ ನನಗೆ ಎಷ್ಟೋ ದಿನ ಅನ್ನಿಸುತ್ತಿತ್ತು. ಇನ್ನೊಂದು ಭಯವೂ ಇತ್ತು, ಅದನ್ನು ಬಾಯಿಬಿಟ್ಟು ಆಡಿರಲಿಲ್ಲ: ಇವರೇ ಅವಳಿಗೆ ರೋಗ ಕೊಟ್ಟುಬಂದಿದ್ದರೆ?

ಮತ್ತೆ ಕೆಲಸಕ್ಕೆ ಹೋದ ಮೊದಲ ದಿನ ಸಂಜೆ ಇವರು ಬ್ಯಾಗನ್ನು ಜಗಲಿಯ ಮೇಲಿಟ್ಟರು. ಹಾಳೆಗಳ ಮೇಲೆ, ಹಳೆಯ ಪೇಪರಿನಲ್ಲಿ ಸುತ್ತಿದ ಒಂದು ಪೊಟ್ಟಣವಿತ್ತು.

"ಅಜ್ಜಿ ಕೊಡ್ತು. ಹುಣಸೆಹಣ್ಣು. 'ಈ ಸಲ ಹೆಬ್ಬೆಟ್ಟು ತಿನ್ಬೇಡಿ ಸಾರೂ, ಇದನ್ನ ತಿನ್ನಿ' ಅಂತು."

"ಅಜ್ಜಿ ಹೆಂಗಿದೆ?"

"ನನಗಿಂತ ಗಟ್ಟಿ ಇದೆ. ಜ್ವರಾನೂ ಇಲ್ಲ, ಗಿರಾನೂ ಇಲ್ಲ."

ಅವರು ಬಚ್ಚಲಿಗೆ ಹೋದರು. ನಾನು ಅಭ್ಯಾಸಬಲದಿಂದ ಪಂಚೆ ಹಾಸಿ, ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಸಿಕ್ಕಿಸಿ, ಸ್ವಿಚ್ಚು ಹಾಕಿ, ಚಿಮಟ ಹಿಡಿದು ನಿಂತೆ. ಪೊಟ್ಟಣ ಒಂದು ಕಡೆ ಬಿಚ್ಚಿಕೊಂಡಿತ್ತು, ಒಳಗಿನ ಹಣ್ಣಿನಲ್ಲಿ ಯಾರದೋ ಬೆರಳು ಒತ್ತಿದ ಗುಳಿಗಳು ಕಾಣುತ್ತಿದ್ದವು, ಸಣ್ಣ ಸಣ್ಣವು. ಬಹಳ ಹೊತ್ತು ನೋಡಿದೆ. ಇಸ್ತ್ರಿಪೆಟ್ಟಿಗೆ ಕಾದು ಟಿಕ್ಕೆಂದಿತು. ಸ್ವಿಚ್ಚು ಆರಿಸಿ, ಚಿಮಟವನ್ನು ಕೆಳಗಿಟ್ಟು, ಬರಿಗೈಯಲ್ಲಿ ಪೊಟ್ಟಣ ಎತ್ತಿಕೊಂಡು ಒಳಗೆ ಹೋದೆ. ಡಬ್ಬಿಗೆ ತುಂಬಿದ ಮೇಲೆ ಮಾತ್ರ ಸೋಪು ಹಾಕಿ ಎರಡು ಸಲ ಕೈ ತೊಳೆದೆ.

"ನೀರು ಸಾಕು ಕಣಮ್ಮ, ಟ್ಯಾಂಕು ಖಾಲಿ ಆಗತ್ತೆ" ಎಂದು ಮಂಚದ ಮೇಲಿಂದ ಅತ್ತೆ ಕೂಗಿದರು.